ಪ್ಯಾರಿಷ್ ಪೆಟ್ಟಿಗೆಯಲ್ಲಿ ಶ್ರಮಿಕರ ವಂಶ

ಇಂಗ್ಲೆಂಡಿನಲ್ಲಿ ವಂಶಾವಳಿ ಬರೆಯುವ ವಿದ್ಯೆ ಬಹುಕಾಲ ಆಸ್ತಿವಂತರ ಅಗತ್ಯಕ್ಕೆ ತಕ್ಕಂತೆ ಬೆಳೆಯಿತು. 1484ರಲ್ಲಿ ಸ್ಥಾಪನೆಗೊಂಡ ಕಾಲೇಜ್ ಆಫ್ ಆರ್ಮ್ಸ್ ಎಂಬ ರಾಜಸಂಸ್ಥೆಯ ಅಧಿಕಾರಿಗಳು 1530ರಿಂದ 1688ರ ತನಕ ಕೌಂಟಿಯಿಂದ ಕೌಂಟಿಗೆ ಸಂಚರಿಸಿ, ಯಾವ ಮನೆತನಕ್ಕೆ ಕುಲಲಾಂಛನ ಧರಿಸುವ ಹಕ್ಕಿದೆ ಎಂಬುದನ್ನು ಪರಿಶೀಲಿಸಿ, ಅದಕ್ಕೆ ಆಧಾರವಾಗಿ ವಂಶವೃಕ್ಷಗಳನ್ನು ಬರೆದಿಡುತ್ತಿದ್ದರು. 1826ರಲ್ಲಿ ಜಾನ್ ಬರ್ಕ್ ಹೊರತಂದ ಕುಲೀನ ಮನೆತನಗಳ ಕೋಶವೂ ಇದೇ ಪರಂಪರೆಗೆ ಸೇರಿದ್ದು. ಲಾಂಛನವೂ ಜಮೀನೂ ಮರಣಶಾಸನವೂ ಇಲ್ಲದ ಹೊಲಗೂಲಿಗೆ, ನೇಕಾರನಿಗೆ, ಕಲ್ಲಿದ್ದಲು ಗಣಿಯ ಆಳಿಗೆ ಈ ಪರಂಪರೆಯಲ್ಲಿ ಜಾಗವಿರಲಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಅಂಥವರ ವಂಶವನ್ನೂ ಏಳೆಂಟು ತಲೆಮಾರು ಹಿಂದಕ್ಕೆ ಹಿಡಿಯುವುದು ಸಾಧ್ಯವಾಯಿತು. ಇದಕ್ಕೆ ಹೊಸ ದಾಖಲೆಗಳು ಸಿಕ್ಕಿದ್ದಕ್ಕಿಂತ ಹೆಚ್ಚಾಗಿ, ತೆರಿಗೆಗೆಂದೋ ಎಣಿಕೆಗೆಂದೋ ಊರಿಂದ ಹೊರಹಾಕುವುದಕ್ಕೆಂದೋ ಬರೆದಿಟ್ಟಿದ್ದ ಹಳೆಯ ಕಾಗದಗಳನ್ನು ಬೇರೊಂದು ಪ್ರಶ್ನೆ ಹಿಡಿದು ಓದಲು ಕಲಿತದ್ದು ಕಾರಣ.

ಈ ಶೋಧದ ಅಡಿಪಾಯ ಪ್ಯಾರಿಷ್ ವಹಿ. ಪ್ಯಾರಿಷ್ ಎಂದರೆ ಒಂದು ಚರ್ಚಿನ ವ್ಯಾಪ್ತಿಗೆ ಸೇರಿದ ಊರು ಮತ್ತು ಅದರ ಸುತ್ತಲ ನೆಲ. ಧಾರ್ಮಿಕ ಘಟಕವಾಗಿ ಹುಟ್ಟಿದ ಇದು ಕ್ರಮೇಣ ಗ್ರಾಮಾಡಳಿತದ ಘಟಕವೂ ಆಯಿತು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಪ್ರತಿ ಪ್ಯಾರಿಷ್‌ನಲ್ಲೂ ದೀಕ್ಷಾಸ್ನಾನ, ಮದುವೆ, ಶವಸಂಸ್ಕಾರಗಳನ್ನು ಬರೆದಿಡಬೇಕೆಂದು ಆಜ್ಞೆ ಹೊರಡಿಸಿದನು. 1598ರಲ್ಲಿ ವಹಿಗಳನ್ನು ಚರ್ಮಪತ್ರದ ಮೇಲೆ ಬರೆಯಬೇಕು, ವರ್ಷಕ್ಕೊಮ್ಮೆ ಪ್ರತಿ ಮಾಡಿ ಬಿಷಪ್ಪನಿಗೆ ಕಳುಹಿಸಬೇಕು ಎಂಬ ನಿಯಮವೂ ಸೇರಿತು. ಮೂಲ ವಹಿ ಒದ್ದೆಯಾಗಿ ಇಲ್ಲವೆ ಇಲಿಗಳ ಪಾಲಾಗಿ ಹೋದಲ್ಲಿ ಸಂಶೋಧಕರಿಗೆ ಉಳಿದಿರುವುದು ಬಿಷಪ್ಪನ ಕಚೇರಿಯ ಈ ಪ್ರತಿಯೇ. ಆರಂಭದ ನಮೂದುಗಳು ಅತಿ ಬಡವಾದವು: ಮಗುವಿನ ಹೆಸರು, ತಂದೆಯ ಹೆಸರು, ದಿನಾಂಕ, ಅಷ್ಟೆ. 1754ರಿಂದ ಜಾರಿಗೆ ಬಂದ ಹಾರ್ಡ್‌ವಿಕ್ ವಿವಾಹ ಕಾಯಿದೆಯು ವಧೂವರರೂ ಸಾಕ್ಷಿಗಳೂ ಸಹಿ ಹಾಕಬೇಕೆಂದು ವಿಧಿಸಿದ ಮೇಲೆ, ಅಕ್ಷರ ಬಾರದವರು ನಮ್ಮಲ್ಲಿನ ಹೆಬ್ಬೆಟ್ಟಿನ ಹಾಗೆ ಒಂದು ಗುಣಾಕಾರದ ಗುರುತನ್ನು ಹಾಕತೊಡಗಿದರು. ಬಹುಪಾಲು ಶ್ರಮಿಕ ಮನೆತನಗಳಲ್ಲಿ ಪೂರ್ವಿಕರ ಕೈಯಿಂದ ಮೂಡಿ ಉಳಿದಿರುವ ಏಕೈಕ ಗೀಟು ಅದೇ. 1783ರಿಂದ 1794ರವರೆಗೆ ಪ್ರತಿ ನಮೂದಿಗೂ ಮೂರು ಪೆನ್ನಿ ತೆರಿಗೆಯಿತ್ತು, ದಿಕ್ಕಿಲ್ಲದ ಬಡವರಿಗೆ ವಿನಾಯಿತಿಯೂ ಇತ್ತು. ಆದ್ದರಿಂದ ಆ ಹನ್ನೊಂದು ವರ್ಷಗಳ ವಹಿಗಳಲ್ಲಿ ಹೆಸರಿನ ಪಕ್ಕ ಬಡವನೆಂಬ ಗುರುತು ಕಂಡರೆ ಅದು ನಿಜವಾದ ದಾರಿದ್ರ್ಯವೋ ಪಾದ್ರಿಯ ಔದಾರ್ಯವೋ ಎಂದು ಹೇಳುವುದು ಕಷ್ಟ. 1813ರಿಂದ ಅಚ್ಚಾದ ನಮೂನೆಗಳು ಬಂದು ತಂದೆಯ ಕಸುಬಿಗೂ ವಾಸಸ್ಥಳಕ್ಕೂ ಪ್ರತ್ಯೇಕ ಅಂಕಣ ಸಿಕ್ಕಿತು. ಕೂಲಿಕಾರನು ಕೂಲಿಕಾರನೆಂದೇ ಎಲ್ಲ ಊರುಗಳಲ್ಲೂ ಒಂದೇ ಬಗೆಯಲ್ಲಿ ದಾಖಲಾಗತೊಡಗಿದ್ದು ಆಗ.

ವಹಿ ತಿಳಿಸುವುದು ಹುಟ್ಟು, ಮದುವೆ, ಸಾವುಗಳನ್ನು ಮಾತ್ರ. ನಡುವಣ ಬದುಕು ಸಿಗುವುದು ವಹಿಯ ಜೊತೆಗೇ ಚರ್ಚಿನ ಮರದ ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟಿದ್ದ, ಬಡವರ ಕಾನೂನಿಗೆ ಸಂಬಂಧಿಸಿದ ಕಾಗದಗಳಲ್ಲಿ. 1601ರ ಕಾಯಿದೆಯು ಪ್ರತಿ ಪ್ಯಾರಿಷ್ ತನ್ನ ಬಡವರನ್ನು ತಾನೇ ಸಾಕಬೇಕೆಂದೂ ಅದಕ್ಕಾಗಿ ಊರಿನವರಿಂದ ತೆರಿಗೆ ಎತ್ತಬೇಕೆಂದೂ ವಿಧಿಸಿದ ಕೂಡಲೇ, ಯಾರು ತಮ್ಮವರು, ಯಾರು ಪರರು ಎಂಬ ಪ್ರಶ್ನೆ ದುಡ್ಡಿನ ಪ್ರಶ್ನೆಯಾಯಿತು. 1662ರ ಕಾಯಿದೆ ಇದಕ್ಕೆ ಉತ್ತರವಾಗಿ ನೆಲೆಹಕ್ಕು ಎಂಬ ಕಲ್ಪನೆಯನ್ನು ಗಟ್ಟಿಗೊಳಿಸಿತು: ನೆಲೆಹಕ್ಕು ಇರುವ ಊರು ಮಾತ್ರ ಒಬ್ಬನ ಕಷ್ಟಕಾಲಕ್ಕೆ ಹೊಣೆ, ವರ್ಷಕ್ಕೆ ಹತ್ತು ಪೌಂಡಿಗಿಂತ ಕಡಿಮೆ ಬಾಡಿಗೆಯ ಮನೆಯಲ್ಲಿ ನೆಲೆಸಲು ಬಂದ ಹೊರಗಿನವನನ್ನು ಇಬ್ಬರು ನ್ಯಾಯಾಧಿಕಾರಿಗಳು ಅವನ ಊರಿಗೆ ಹಿಂದಟ್ಟಬಹುದು. ಹುಟ್ಟಿನಿಂದಲೋ ತಂದೆಯಿಂದಲೋ ಬರುತ್ತಿದ್ದ ಈ ಹಕ್ಕು, ಮುಂದಿನ ತಿದ್ದುಪಡಿಗಳ ಪ್ರಕಾರ, ಕಸುಬು ಕಲಿಯುವ ಶಿಷ್ಯವೃತ್ತಿಯಿಂದ ಅಥವಾ ಅವಿವಾಹಿತನಾಗಿ ಒಬ್ಬ ಯಜಮಾನನ ಬಳಿ ಪೂರ್ತಿ ಒಂದು ವರ್ಷ ದುಡಿದುದರಿಂದಲೂ ಬರುತ್ತಿತ್ತು. ಹೀಗಾಗಿ ಹೊಸಬರ ಭಾರ ಊರಿಗೆ ಬೀಳದಿರಲೆಂದು ಆಳುಗಳನ್ನು ಐವತ್ತೊಂದು ವಾರಕ್ಕೆ ಮಾತ್ರ ಗೊತ್ತುಮಾಡಿಕೊಳ್ಳುವ ರೈತರಿದ್ದರು. ಮದುವೆಯಿಲ್ಲದೆ ಹುಟ್ಟಿದ ಮಗುವಿಗೆ ಹುಟ್ಟಿದ ಊರೇ ನೆಲೆಯಾಗುತ್ತಿದ್ದ ಕಾರಣ, ತುಂಬು ಬಸುರಿಯನ್ನು ಗಡಿ ದಾಟಿಸಿ ಬರುವುದು ಪ್ಯಾರಿಷ್ ಉಸ್ತುವಾರಿಗಳ ಮಟ್ಟಿಗೆ ಮಿತವ್ಯಯವೇ ಆಗಿತ್ತು.

ನೆಲೆಹಕ್ಕಿನ ವಿಚಾರಣೆ ಎಂಬ ದಾಖಲೆ ಈ ಜಗಳದ ಫಲ. ರೋಗ ಬಂದೋ ಕೆಲಸ ತಪ್ಪಿಯೋ ನೆರವು ಕೇಳಿದವನನ್ನು ನ್ಯಾಯಾಧಿಕಾರಿಗಳ ಮುಂದೆ ನಿಲ್ಲಿಸಿ, ಪ್ರಮಾಣ ಮಾಡಿಸಿ, ಎಲ್ಲಿ ಹುಟ್ಟಿದೆ, ಯಾರ ಬಳಿ ಎಷ್ಟು ಸಂಬಳಕ್ಕೆ ಎಷ್ಟು ಕಾಲ ದುಡಿದೆ, ಯಾವ ಚರ್ಚಿನಲ್ಲಿ ಮದುವೆಯಾದೆ, ಮಕ್ಕಳೆಷ್ಟು, ಅವರ ವಯಸ್ಸೆಷ್ಟು ಎಂದು ಕೇಳಿ ಗುಮಾಸ್ತನ ಕೈಯಲ್ಲಿ ಬರೆಸಿ, ಕೆಳಗೆ ಅವನಿಂದ ಗುರುತು ಹಾಕಿಸುತ್ತಿದ್ದರು. ಒಂದೇ ಹಾಳೆಯಲ್ಲಿ ಒಬ್ಬ ಕೂಲಿಯ ಮೂವತ್ತು ವರ್ಷದ ಅಲೆದಾಟ ದೊರೆಯುವ ಈ ಕಾಗದ, ಒತ್ತಾಯದಿಂದ ಬರೆಸಿದ ಆತ್ಮಕಥೆಯೆಂದರೆ ತಪ್ಪಾಗದು. ಇಡೀ ಕ್ಷೇತ್ರದ ವಿರೋಧಾಭಾಸವೂ ಇಲ್ಲೇ ಇದೆ: ಆರೋಗ್ಯವಾಗಿದ್ದು, ದುಡಿದು ತಿಂದು, ಯಾರ ಮುಂದೂ ಕೈಚಾಚದೆ ಸತ್ತ ಶ್ರಮಿಕನು ವಹಿಯ ಮೂರು ಸಾಲುಗಳಲ್ಲಿ ಮುಗಿದುಹೋಗುತ್ತಾನೆ, ಕೆಟ್ಟು ನಿಂತವನಿಗೆ ಪುಟಗಟ್ಟಲೆ ದಾಖಲೆಯಿದೆ. ಉಸ್ತುವಾರಿಯ ಲೆಕ್ಕಪುಸ್ತಕದಲ್ಲಿ ಅವನ ಜೋಡು, ಅವನ ಮಗುವಿನ ಶವವಸ್ತ್ರ, ಹೆಂಡತಿಯ ಹೆರಿಗೆಗೆ ಬಂದ ಸೂಲಗಿತ್ತಿಯ ಕೂಲಿ, ಎಲ್ಲವೂ ಪೆನ್ನಿಯ ಲೆಕ್ಕದಲ್ಲಿವೆ.

ಮಕ್ಕಳ ಮಟ್ಟಿಗೂ ಇದು ನಿಜ. ಮ್ಯಾಂಚೆಸ್ಟರ್ ಸಮೀಪದ ಸ್ಟೈಯಲ್ ಎಂಬಲ್ಲಿನ ಕ್ವಾರಿ ಬ್ಯಾಂಕ್ ಹತ್ತಿ ಗಿರಣಿಗೆ ದೂರದೂರದ ಪ್ಯಾರಿಷ್‌ಗಳು ತಮ್ಮ ಬಡಮಕ್ಕಳನ್ನು ಕರಾರುಪತ್ರ ಬರೆದು ಕಳುಹಿಸುತ್ತಿದ್ದವು. ಲಂಡನ್ನಿನ ಹ್ಯಾಕ್ನಿಯಿಂದ ಹಾಗೆ ಹೋಗಿದ್ದ ಥಾಮಸ್ ಪ್ರೀಸ್ಟ್‌ಲಿ ಎಂಬ ಹದಿಮೂರರ ಹುಡುಗ ಯಂತ್ರಕ್ಕೆ ಸಿಕ್ಕಿ ಬೆರಳು ಕಳೆದುಕೊಂಡು, ಆ ನೋವಿನಲ್ಲಿ ತಾಯಿಯ ನೆನಪು ಕಾಡಿ, ಜೋಸೆಫ್ ಸೆಫ್ಟನ್ ಎಂಬ ಜೊತೆಗಾರನೊಂದಿಗೆ 1806ರಲ್ಲಿ ತಪ್ಪಿಸಿಕೊಂಡು ಲಂಡನ್ನಿಗೆ ನಡೆದುಬಂದನು. ಇಬ್ಬರೂ ನ್ಯಾಯಾಧಿಕಾರಿಗಳ ಮುಂದೆ ಕೊಟ್ಟ ಹೇಳಿಕೆಯಲ್ಲಿ ಗಿರಣಿಯ ಊಟ, ಹಾಸಿಗೆ, ಕೆಲಸದ ಹೊತ್ತುಗಳ ವಿವರಗಳು ಉಳಿದಿವೆ. ಓಡಿಹೋಗದ ಮಕ್ಕಳ ಮಾತು ಹೀಗೆ ಉಳಿಯಲಿಲ್ಲ.

1834ರ ಹೊಸ ಬಡವರ ಕಾನೂನು ಪ್ಯಾರಿಷ್‌ಗಳನ್ನು ಒಕ್ಕೂಟಗಳಾಗಿ ಕಟ್ಟಿ, ದುಡಿಮೆಯ ಮನೆಗಳನ್ನು, ಅಂದರೆ ಕೆಲಸಕ್ಕೆ ಬದಲಾಗಿ ಬಡವರಿಗೆ ಅನ್ನವನ್ನೂ ಅವಮಾನವನ್ನೂ ಒಟ್ಟಿಗೆ ಬಡಿಸುತ್ತಿದ್ದ ವಸತಿಗಳನ್ನು, ದೇಶದ ತುಂಬ ಹಬ್ಬಿಸಿತು. 1837ರ ಜುಲೈ 1ರಿಂದ ಜನನ ಮರಣ ವಿವಾಹಗಳ ಸರಕಾರಿ ನೋಂದಣಿ ಆರಂಭವಾಯಿತು. ಜನನವನ್ನು ನೋಂದಾಯಿಸದಿದ್ದರೆ ದಂಡವೆಂಬ ನಿಯಮ 1875ರ ತನಕ ಬಿಗಿಯಾಗದಿದ್ದ ಕಾರಣ ಆರಂಭದ ದಶಕಗಳಲ್ಲಿ ಬಿಟ್ಟುಹೋದ ಮಕ್ಕಳೂ ಇದ್ದಾರೆ. 1801ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಜನಗಣತಿಯು ದೇಶದಾದ್ಯಂತ ಮನೆಯವರೆಲ್ಲರ ಹೆಸರು ಬರೆದುಕೊಂಡಿದ್ದು 1841ರಲ್ಲಿ. ಆ ಪುಟಗಳು ಪೆನ್ಸಿಲಿನಲ್ಲಿವೆ. ಹದಿನೈದು ಮೀರಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂಬ ಸೂಚನೆಯಿದ್ದುದರಿಂದ ಮೂವತ್ತನಾಲ್ಕರವನು ಮೂವತ್ತರವನಾಗುತ್ತಾನೆ. ಹುಟ್ಟಿದ್ದು ಅದೇ ಕೌಂಟಿಯಲ್ಲೋ ಅಲ್ಲವೋ ಎಂಬುದಕ್ಕೆ ಒಂದಕ್ಷರದ ಉತ್ತರ ಮಾತ್ರ. 1851ರಲ್ಲಿ ಹುಟ್ಟೂರು, ಯಜಮಾನನೊಂದಿಗಿನ ಸಂಬಂಧ, ನಿಖರ ವಯಸ್ಸು ಸೇರಿದ ಮೇಲೆ ಗಣತಿಯು ಪ್ಯಾರಿಷ್ ವಹಿಗೆ ಹಿಂದಿರುಗುವ ಸೇತುವೆಯಾಯಿತು. ಆದರೆ ಗಣತಿದಾರನ ಕಣ್ಣಿಗೂ ಮಿತಿಯಿತ್ತು. ಪುಟದ ಮೇಲೆ ಪುಟ ಹೊಲಗೂಲಿ ಎಂಬುದರ ಸಂಕ್ಷೇಪವನ್ನೇ ಬರೆದುಕೊಂಡು ಹೋದ ಅವನು, ಸುಗ್ಗಿಯಲ್ಲಿ ಹೊಲಕ್ಕೆ ಹೋಗುತ್ತಿದ್ದ, ಮನೆಯಲ್ಲಿ ಬಟ್ಟೆ ಒಗೆದು ಕೊಡುತ್ತಿದ್ದ, ಕಸೂತಿ ಹೆಣೆಯುತ್ತಿದ್ದ ಹೆಂಡತಿಯ ಕಸುಬಿನ ಅಂಕಣವನ್ನು ಅನೇಕ ಸಲ ಖಾಲಿ ಬಿಟ್ಟನು. ಹೆಂಗಸರ ದುಡಿಮೆ ಗಣತಿಯಲ್ಲಿ ಹೀಗೆ ಕಾಣೆಯಾದ ಬಗೆಯನ್ನು ಎಡ್ವರ್ಡ್ ಹಿಗ್ಸ್ ಮೊದಲಾದವರು 1980ರ ದಶಕದಲ್ಲಿ ವಿಶ್ಲೇಷಿಸಿದರು.

ದಾಖಲೆಗಳು ಇರುವುದು ಬೇರೆ, ಓದುಗನ ಕೈಗೆ ಸಿಗುವುದು ಬೇರೆ. 1838ರಲ್ಲಿ ಸ್ಥಾಪನೆಯಾದ ಪಬ್ಲಿಕ್ ರೆಕಾರ್ಡ್ ಆಫೀಸು ಕೇಂದ್ರ ಸರಕಾರದ ಕಾಗದಗಳನ್ನು ನೋಡಿಕೊಂಡಿತೇ ಹೊರತು ಊರ ಪೆಟ್ಟಿಗೆಗಳನ್ನಲ್ಲ. ಜಾರ್ಜ್ ಹರ್ಬರ್ಟ್ ಫೌಲರ್ ಎಂಬ ಪ್ರಾಣಿಶಾಸ್ತ್ರಜ್ಞನು ಬೆಡ್‌ಫರ್ಡ್‌ಶೈರ್‌ನಲ್ಲಿ 1913ರ ಹೊತ್ತಿಗೆ ಕಟ್ಟಿದ ಕೌಂಟಿ ದಾಖಲೆ ಕಚೇರಿ ಆ ಬಗೆಯ ಮೊದಲನೆಯದು. ಬಡವರ ವಂಶಶೋಧಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಮಾಡಿದ ಸಂಸ್ಥೆಯಿಲ್ಲ. ಉಳಿದ ಕೌಂಟಿಗಳು ದಶಕಗಳ ಅಂತರದಲ್ಲಿ ಹಿಂಬಾಲಿಸಿದವು. ನೂರು ವರ್ಷ ದಾಟಿದ ವಹಿಗಳನ್ನು, ಸರಿಯಾದ ರಕ್ಷಣೆಯಿಲ್ಲದಿದ್ದಲ್ಲಿ, ಇಂಥ ಕಚೇರಿಗೆ ಒಪ್ಪಿಸಬೇಕೆಂದು ಚರ್ಚು 1978ರಲ್ಲಿ ನಿಯಮ ಮಾಡಿದ ಮೇಲೆ ಪಾದ್ರಿಯ ದಾಕ್ಷಿಣ್ಯಕ್ಕೆ ಕಾಯುವ ಕಾಲ ಬಹುಮಟ್ಟಿಗೆ ಮುಗಿಯಿತು.

ಓದುವ ಪ್ರಶ್ನೆಯನ್ನು ಬದಲಿಸಿದವರು ಎರಡನೆಯ ಮಹಾಯುದ್ಧದ ನಂತರದ ಇತಿಹಾಸಕಾರರು. ಡಬ್ಲ್ಯು. ಜಿ. ಹಾಸ್ಕಿನ್ಸ್ 1948ರಲ್ಲಿ ಲೆಸ್ಟರಿನಲ್ಲಿ ಸ್ಥಳೀಯ ಇತಿಹಾಸದ ವಿಭಾಗವನ್ನು ಆರಂಭಿಸಿ, 1957ರಲ್ಲಿ ವಿಗ್‌ಸ್ಟನ್ ಎಂಬ ಒಂದೇ ಹಳ್ಳಿಯ ರೈತಾಪಿ ಮನೆಗಳನ್ನು ಶತಮಾನಗಳುದ್ದಕ್ಕೂ ಹಿಂಬಾಲಿಸಿದ ಗ್ರಂಥವನ್ನು ಹೊರತಂದನು. 1963ರಲ್ಲಿ ಇ. ಪಿ. ಥಾಮ್ಸನ್‌ನ ಇಂಗ್ಲಿಷ್ ಶ್ರಮಿಕ ವರ್ಗದ ರಚನೆಯ ಕುರಿತ ಗ್ರಂಥ ಬಂದು, ಸೋತುಹೋದ ನೇಕಾರನೂ ಇತಿಹಾಸದ ಕರ್ತೃವೇ ಎಂಬುದನ್ನು ಸ್ಥಾಪಿಸಿತು. ಮರುವರ್ಷ ಪೀಟರ್ ಲ್ಯಾಸ್ಲೆಟ್ ಮತ್ತು ಟೋನಿ ರಿಗ್ಲಿ ಕೇಂಬ್ರಿಜ್‌ನಲ್ಲಿ ಜನಸಂಖ್ಯಾ ಇತಿಹಾಸದ ಅಧ್ಯಯನ ಗುಂಪನ್ನು ಕಟ್ಟಿದರು. ಫ್ರಾನ್ಸಿನ ಲೂಯಿ ಆನ್ರಿ ರೂಪಿಸಿದ್ದ ಕುಟುಂಬ ಪುನಾರಚನೆಯ ವಿಧಾನವನ್ನು, ಅಂದರೆ ವಹಿಯ ಬಿಡಿಬಿಡಿ ನಮೂದುಗಳನ್ನು ಹೆಸರಿನ ಆಧಾರದಲ್ಲಿ ಜೋಡಿಸಿ ಮನೆಮನೆಯನ್ನೂ ಮರಳಿ ಕಟ್ಟುವ ಕ್ರಮವನ್ನು, ರಿಗ್ಲಿ ಡೆವನ್ ಕೌಂಟಿಯ ಕಾಲಿಟನ್‌ಗೆ ಅನ್ವಯಿಸಿ 1966ರಲ್ಲಿ ಫಲಿತಾಂಶ ಪ್ರಕಟಿಸಿದನು. ಕೂಡುಕುಟುಂಬ, ಬಾಲ್ಯವಿವಾಹ ಎಂದು ಊಹಿಸಿದ್ದ ಕಡೆ ಸಣ್ಣ ಸಂಸಾರಗಳೂ ತಡವಾದ ಮದುವೆಗಳೂ ಕಂಡುಬಂದವು. 1981ರಲ್ಲಿ ರಿಗ್ಲಿ ಮತ್ತು ಅದೇ ಗುಂಪಿನ ಸ್ಕೋಫೀಲ್ಡ್ 404 ಪ್ಯಾರಿಷ್‌ಗಳ ಆಧಾರದ ಮೇಲೆ 1541ರಿಂದ 1871ರವರೆಗಿನ ಜನಸಂಖ್ಯೆಯ ಚರಿತ್ರೆಯನ್ನು ಪ್ರಕಟಿಸಿದರು. ಆ ವಹಿಗಳನ್ನು ಎಣಿಸಿಕೊಟ್ಟವರಲ್ಲಿ ಬಹುಮಂದಿ ಊರೂರಿನ ಹವ್ಯಾಸಿಗಳೆಂಬುದನ್ನು ಮರೆಯುವಂತಿಲ್ಲ. ವಂಶಶೋಧಕರನ್ನು ಲಘುವಾಗಿ ಕಂಡ ವಿದ್ವಾಂಸರು ಅವರ ದುಡಿಮೆಯನ್ನು ಮಾತ್ರ ಧಾರಾಳವಾಗಿ ಬಳಸಿಕೊಂಡರು. ಪುನಾರಚನೆಯ ವಿಧಾನಕ್ಕೂ ಒಂದು ಊನವಿದೆ: ಅದರ ಬಲೆಗೆ ಬೀಳುವುದು ಊರಲ್ಲೇ ಉಳಿದವರು, ಕೆಲಸ ಹುಡುಕಿ ಹೊರಟುಹೋದವರು, ಅಂದರೆ ಶ್ರಮಿಕರಲ್ಲಿ ದೊಡ್ಡ ಪಾಲು, ಜಾರಿಹೋಗುತ್ತಾರೆ.

ಆ ಕೊರತೆಯನ್ನು ತುಂಬಿದ್ದು ಮತ್ತೆ ಬಡವರ ಕಾನೂನಿನ ಕಾಗದಗಳೇ. ಕೀತ್ ಸ್ನೆಲ್ 1985ರ ತನ್ನ ಗ್ರಂಥದಲ್ಲಿ ನೆಲೆಹಕ್ಕಿನ ವಿಚಾರಣೆಗಳಿಂದ ಹಳ್ಳಿಗಾಡಿನ ನಿರುದ್ಯೋಗವನ್ನು ಅಳೆದನು. ಥಾಮಸ್ ಸೊಕೋಲ್ 2001ರಲ್ಲಿ, ದೂರದ ಪಟ್ಟಣಗಳಿಂದ ತಮ್ಮೂರಿನ ಉಸ್ತುವಾರಿಗೆ ನೆರವು ಕೋರಿ ಬಡವರು ಬರೆದ ಎಸೆಕ್ಸ್ ಪತ್ರಗಳನ್ನು ಸಂಪಾದಿಸಿದನು. ಕಾಗುಣಿತ ತಪ್ಪಿದ, ಕಿವಿಗೆ ಕೇಳಿದಂತೆ ಬರೆದ ಆ ಪತ್ರಗಳಲ್ಲಿ ಗುಮಾಸ್ತನ ಅಡ್ಡಗೋಡೆಯಿಲ್ಲ. 2014ರಲ್ಲಿ ಅಲಿಸನ್ ಲೈಟ್ ತನ್ನದೇ ಶ್ರಮಿಕ ಪೂರ್ವಿಕರನ್ನು ಹಿಡಿದು ಬರೆದ ಕೃತಿಯಲ್ಲಿ ವಂಶಶೋಧವೂ ಸಾಮಾಜಿಕ ಇತಿಹಾಸವೂ ಬೇರ್ಪಡಿಸಲಾಗದಂತೆ ಬೆರೆತವು.

ಇಷ್ಟರಲ್ಲಿ ಹವ್ಯಾಸಿಗಳ ಲೋಕವೂ ಬೆಳೆದಿತ್ತು. 1974ರಲ್ಲಿ ಕುಟುಂಬ ಇತಿಹಾಸ ಸಂಘಗಳ ಒಕ್ಕೂಟ ರೂಪುಗೊಂಡಿತು. ಅಮೆರಿಕದ ಯೂಟಾ ರಾಜ್ಯದ ಮಾರ್ಮನ್ ಪಂಥದವರು ಧಾರ್ಮಿಕ ಕಾರಣಕ್ಕಾಗಿ ಪ್ಯಾರಿಷ್ ವಹಿಗಳ ಮೈಕ್ರೋಫಿಲ್ಮ್ ತೆಗೆದರು. ಇವರಿಬ್ಬರೂ ಕೂಡಿ ಸ್ವಯಂಸೇವಕರ ಬಲದಿಂದ 1881ರ ಗಣತಿಯ ಸುಮಾರು 2 ಕೋಟಿ 60 ಲಕ್ಷ ಹೆಸರುಗಳಿಗೆ ಸೂಚಿ ಸಿದ್ಧಪಡಿಸಿದರು. 2002ರ ಜನವರಿಯಲ್ಲಿ 1901ರ ಗಣತಿಯನ್ನು ಅಂತರಜಾಲಕ್ಕೆ ಏರಿಸಿದಾಗ ಜನರ ನೂಕುನುಗ್ಗಲಿಗೆ ವ್ಯವಸ್ಥೆಯೇ ಕುಸಿದುಬಿದ್ದಿತು. ಗಣಕದ ಸೂಚಿ ಹೆಸರನ್ನು ಕ್ಷಣದಲ್ಲಿ ಕೊಡುತ್ತದೆ, ಊರನ್ನು ಮರೆಸುತ್ತದೆ. ಒಂದೇ ಕೌಂಟಿಯಲ್ಲಿ ಒಂದೇ ವರ್ಷ ದೀಕ್ಷಾಸ್ನಾನ ಪಡೆದ ಮೂವರು ಜಾನ್ ಸ್ಮಿತ್‌ರಲ್ಲಿ ಯಾರು ಪೂರ್ವಿಕ ಎಂಬುದನ್ನು ತೀರ್ಮಾನಿಸಬೇಕಾದರೆ, ಅವರಲ್ಲೊಬ್ಬ ಹಸುಳೆಯಾಗಿಯೇ ತೀರಿಕೊಂಡನೇ ಎಂದು ಶವಸಂಸ್ಕಾರದ ವಹಿ ನೋಡಬೇಕು, ಇನ್ನೊಬ್ಬನ ನೆಲೆಹಕ್ಕು ಎಲ್ಲಿತ್ತೆಂದು ಪೆಟ್ಟಿಗೆಯ ಕಾಗದ ತೆಗೆಯಬೇಕು. ಇದನ್ನು ಮಾಡದೆ ಕಟ್ಟಿದ ವಂಶವೃಕ್ಷಗಳು ಒಂದರಿಂದ ಒಂದು ನಕಲಾಗುತ್ತ ಹಬ್ಬುತ್ತಿರುವುದು ಈ ಕ್ಷೇತ್ರದ ಇಂದಿನ ದೊಡ್ಡ ಪಿಡುಗು. ಅಡ್ಡಹೆಸರುಗಳ ಮೂಲವನ್ನು ಶೋಧಿಸಿದ ಡೇವಿಡ್ ಹೇ, ಅನೇಕ ಹೆಸರುಗಳು ಇಂದಿಗೂ ಹುಟ್ಟಿದ ಸೀಮೆಯ ಆಸುಪಾಸಿನಲ್ಲೇ ಗುಂಪಾಗಿವೆಯೆಂದು ತೋರಿಸಿದ್ದು ಊರಿನಿಂದಲೇ ಹೊರಡಬೇಕೆಂಬ ವಾದಕ್ಕೆ ಬಲ ಕೊಟ್ಟಿದೆ.

ಊರಿನ ಜಾಡು ಕೆಲವೊಮ್ಮೆ ಬಲು ದೂರ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರ್ನ್‌ವಾಲ್‌ನ ತಾಮ್ರ, ತವರದ ಗಣಿಗಳು ನೆಲಕಚ್ಚಿದಾಗ ಅಲ್ಲಿನ ಗಣಿಗಾರರು ಕೆಲಸ ಸಿಕ್ಕಲ್ಲಿಗೆ ಹೊರಟರು. ಜಾನ್ ಟೇಲರ್ ಅಂಡ್ ಸನ್ಸ್ ನಡೆಸುತ್ತಿದ್ದ ಕೋಲಾರದ ಚಿನ್ನದ ಗಣಿಗಳೂ ಅಂಥ ತಾಣಗಳಲ್ಲಿ ಸೇರಿದ್ದವು. ಕಾರ್ನಿಷ್ ಕುಟುಂಬಗಳ ವಂಶಶೋಧಕರು ಇಂದು ಪ್ಯಾರಿಷ್ ವಹಿಯಲ್ಲಿ ಕಳೆದುಹೋದ ಹೆಸರನ್ನು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸಿನ ಚರ್ಚು ದಾಖಲೆಗಳ ಪ್ರತಿಗಳಲ್ಲಿ ಹುಡುಕುತ್ತಾರೆ.

ಮುಂದಿನ ದಾರಿ ಸದ್ಯಕ್ಕೆ ಮುಚ್ಚಿದೆ. 1921ರ ಗಣತಿ 2022ರಲ್ಲಿ ತೆರೆಯಿತು. 1931ರ ಇಂಗ್ಲೆಂಡು ಮತ್ತು ವೇಲ್ಸ್ ಗಣತಿಯ ಪುಟಗಳು 1942ರ ಡಿಸೆಂಬರಿನಲ್ಲಿ ಬೆಂಕಿಗೆ ಆಹುತಿಯಾದವು. 1941ರಲ್ಲಿ ಯುದ್ಧದಿಂದಾಗಿ ಗಣತಿ ನಡೆಯಲೇ ಇಲ್ಲ. ನಡುವೆ ಉಳಿದಿರುವುದು ಗುರುತಿನ ಚೀಟಿ ಕೊಡಲೆಂದು 1939ರ ಸೆಪ್ಟೆಂಬರ್ 29ರಂದು ಸರಕಾರ ತಯಾರಿಸಿದ, ಮುಂದೆ ಪಡಿತರಕ್ಕೂ ಬಳಕೆಯಾದ ಹೆಸರುಪಟ್ಟಿಯೊಂದೇ. ನೂರು ವರ್ಷದ ಗೋಪ್ಯತೆಯ ನಿಯಮದ ಪ್ರಕಾರ 1951ರ ಗಣತಿ ಓದುಗರ ಕೈಗೆ ಬರುವುದು 2052ರಲ್ಲಿ.