ಮಾತಿನಲ್ಲೇ ಕಟ್ಟಿದ ಊರು: ಬ್ಲ್ಯಾಕ್‌ಮೂರ್



ಸ್ಟುಡಿಯೋದಲ್ಲಿ ಕೆಂಪು ದೀಪ ಹತ್ತಿದರೆ ನನ್ನ ಕೆಲಸ ಶುರು, ಆರಿದರೆ ಮುಗಿಯಿತು. ನಡುವೆ ಆಡಿದ ಮಾತೆಲ್ಲ ಗಾಳಿಗೆ! ಯಾರಾದರೂ ರೆಕಾರ್ಡ್ ಮಾಡಿಟ್ಟುಕೊಂಡಿದ್ದರೆ ಉಂಟು, ಇಲ್ಲದಿದ್ದರೆ ನಿಮ್ಮ ನೆನಪಿನಲ್ಲಿ ಉಳಿದಷ್ಟೇ ಉಳಿಯಿತು. ಅದಕ್ಕೇ ಇರಬೇಕು, ಮಾತಿನಲ್ಲೇ ಹುಟ್ಟಿ ಮಾತಿನಲ್ಲೇ ಬೆಳೆದ ಸಂಗತಿಗಳ ಮೇಲೆ ನನಗೊಂದು ವಿಶೇಷ ಮಮತೆ. ಈ ಸಲ ಅಂಥದೇ ಒಂದು ಆಟದ ಕಥೆ ಹೇಳುತ್ತೇನೆ. ಅಮೆರಿಕದ ಒಂದು ಮನೆಯ ನೆಲಮಾಳಿಗೆಯಲ್ಲಿ ಶುರುವಾಗಿ, ಜಗತ್ತನ್ನೆಲ್ಲ ಸುತ್ತಿ, ಕಡೆಗೆ ‘ಇದು ಯಾರ ಸೃಷ್ಟಿ?’ ಎಂದು ಕೋರ್ಟಿನ ಬಾಗಿಲು ತಟ್ಟಿದ ಆಟ ಅದು.

ನಿಮ್ಮ ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರು ಕಿವಿಗೆ ಬಿದ್ದಿರುತ್ತದೆ. 2016ರಲ್ಲಿ ಬಂದ ‘ಸ್ಟ್ರೇಂಜರ್ ಥಿಂಗ್ಸ್’ ಸರಣಿಯ ಮೊದಲ ಕಂತಿನಲ್ಲೇ ನಾಲ್ಕು ಹುಡುಗರು ಮೇಜಿನ ಸುತ್ತ ಕೂತು ಆಡುವುದು ಇದನ್ನೇ. ನೋಡಿದವರಿಗೆ ಗೊಂದಲವಾಗುವುದು ಸಹಜ. ಚೌಕಾಬಾರದ ಮನೆಗಳಿಲ್ಲ, ಇಸ್ಪೀಟಿನ ಎಲೆಗಳಿಲ್ಲ. ಒಬ್ಬ ಕಥೆ ಹೇಳುತ್ತಾನೆ: “ಕಾಡಿನ ಅಂಚಿಗೆ ಬಂದಿದ್ದೀರಿ. ಎದುರಿಗೆ ಹಾಳು ಕೋಟೆ, ಬಾಗಿಲು ಅರ್ಧ ತೆರೆದಿದೆ. ಈಗ ಏನು ಮಾಡುತ್ತೀರಿ?” ಉಳಿದವರಲ್ಲಿ ಒಬ್ಬ ಯೋಧ, ಒಬ್ಬ ಮಾಂತ್ರಿಕ, ಒಬ್ಬ ಪಾದ್ರಿ. ತಂತಮ್ಮ ಪಾತ್ರವಾಗಿ ಅವರು ಉತ್ತರ ಕೊಡುತ್ತಾರೆ. ಕೆಲಸ ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ. ಮುಂದೇನಾಯಿತು ಎಂಬುದನ್ನು ಮತ್ತೆ ಆ ಕಥೆಗಾರನೇ ಹೇಳಬೇಕು. ಅವನಿಗೆ ‘ಡಂಜನ್ ಮಾಸ್ಟರ್’ ಎಂದು ಹೆಸರು.

ಕರಾವಳಿಯವರಿಗೆ ಇದನ್ನು ವಿವರಿಸುವುದು ಸುಲಭ. ಮುಂಬೈಯಲ್ಲಿ ಮಳೆಗಾಲದ ತಾಳಮದ್ದಳೆಗೆ ಹೋದವರಿಗಂತೂ ಇನ್ನೂ ಸುಲಭ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ಭಾಗವತರು ಪದ್ಯ ಹೇಳಿ ಪ್ರಸಂಗ ನಡೆಸುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಕರ್ಣನೋ ಕೃಷ್ಣನೋ ಆಗುತ್ತಾರೆ. ಒಂದು ವ್ಯತ್ಯಾಸವಿದೆ. ಅಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಈ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ, ಆಟ ನಡೆಸುವವನಿಗೂ!

ಸೀಸದ ಸೈನಿಕರಿಂದ ಶುರು

ಇದರ ಬೇರು ಯುದ್ಧದಾಟದಲ್ಲಿದೆ. ಪ್ರಷ್ಯಾದ ಸೈನ್ಯ 1824ರ ಹೊತ್ತಿಗೆ ತನ್ನ ಅಧಿಕಾರಿಗಳಿಗೆ ನಕಾಶೆಯ ಮೇಲೆ ಯುದ್ಧ ಕಲಿಸುವ ‘ಕ್ರೀಗ್ಸ್‌ಪೀಲ್’ ಎಂಬ ಆಟ ಆಡಿಸುತ್ತಿತ್ತು. ಇಂಗ್ಲಿಷ್ ಕಾದಂಬರಿಕಾರ ಎಚ್. ಜಿ. ವೆಲ್ಸ್ 1913ರಲ್ಲಿ ಆಟಿಕೆ ಸೈನಿಕರನ್ನಿಟ್ಟು ಮನೆಯಲ್ಲೇ ಯುದ್ಧವಾಡುವ ನಿಯಮಗಳನ್ನು ಪುಸ್ತಕ ಮಾಡಿದರು. 1960ರ ದಶಕದಲ್ಲಿ ಅಮೆರಿಕದ ಊರೂರುಗಳಲ್ಲಿ ಸೀಸದ ಪುಟ್ಟ ಸೈನಿಕರಿಗೆ ಬಣ್ಣ ಬಳಿದು, ಮೇಜಿನ ಮೇಲೆ ನೆಪೋಲಿಯನ್ನನ ಯುದ್ಧಗಳನ್ನು ಮತ್ತೆ ಮತ್ತೆ ಆಡುವ ಗುಂಪುಗಳಿದ್ದವು.

ಮಿನ್ನೆಸೋಟ ರಾಜ್ಯದ ಅವಳಿ ನಗರ ಮಿನಿಯಾಪೊಲಿಸ್–ಸೇಂಟ್ ಪಾಲ್‌ನಲ್ಲೂ ಅಂಥ ಒಂದು ಗುಂಪಿತ್ತು. ಅದರಲ್ಲಿ ಡೇವಿಡ್ ವೆಸ್ಲಿ ಎಂಬ ಭೌತಶಾಸ್ತ್ರದ ವಿದ್ಯಾರ್ಥಿ. ಚಾರ್ಲ್ಸ್ ಟಾಟನ್ ಎಂಬ ಸೈನ್ಯಾಧಿಕಾರಿ 1880ರಲ್ಲಿ ಬರೆದ ಯುದ್ಧದಾಟದ ಪುಸ್ತಕ ಅವನ ಕೈಗೆ ಸಿಕ್ಕಿತ್ತು. ಆಟಗಾರ ಏನು ಬೇಕಾದರೂ ಮಾಡಲು ಹೊರಡಬಹುದು, ಅದು ಆಗುತ್ತದೋ ಇಲ್ಲವೋ ಎಂದು ತೀರ್ಮಾನಿಸಲು ಒಬ್ಬ ರೆಫರಿ ಇರಬೇಕು – ಇದು ಅದರಲ್ಲಿ ಅವನಿಗೆ ಹಿಡಿಸಿದ ವಿಚಾರ.

1969ರಲ್ಲಿ ವೆಸ್ಲಿ ಒಂದು ಪ್ರಯೋಗ ಮಾಡಿದ. ಬ್ರೌನ್‌ಸ್ಟೈನ್ ಎಂಬ ಕಾಲ್ಪನಿಕ ಜರ್ಮನ್ ಪಟ್ಟಣ. ಎರಡು ಸೈನ್ಯಗಳು ಅದರತ್ತ ಬರುತ್ತಿವೆ. ಸೇನಾಪತಿಗಳ ಪಾತ್ರ ಇಬ್ಬರಿಗೆ ಮಾತ್ರ, ಬಂದ ಆಟಗಾರರೋ ಬಹಳ. ಸರಿ, ಉಳಿದವರಲ್ಲಿ ಒಬ್ಬನನ್ನು ಮೇಯರ್ ಮಾಡಿದ, ಇನ್ನೊಬ್ಬನನ್ನು ವಿಶ್ವವಿದ್ಯಾಲಯದ ಕುಲಪತಿ ಮಾಡಿದ. ಆಮೇಲೆ ನಡೆದದ್ದು ಗಲಾಟೆಯೋ ಗಲಾಟೆ! ಸೈನ್ಯಗಳು ಬಂದು ಮುಟ್ಟುವ ಮುಂಚೆಯೇ ಆಟಗಾರರು ಮೂಲೆ ಸೇರಿ ಪಿಸುಗುಟ್ಟಿ ಒಳಒಪ್ಪಂದ ಮಾಡಿಕೊಳ್ಳತೊಡಗಿದರು, ಇಬ್ಬರು ದ್ವಂದ್ವಯುದ್ಧಕ್ಕೇ ನಿಂತರು. ಆಟ ಕೈತಪ್ಪಿ ಹೋಯಿತು, ಕೆಟ್ಟೇ ಹೋಯಿತು ಎಂದು ವೆಸ್ಲಿ ಬೇಸರದಲ್ಲಿದ್ದರೆ, ಆಡಿದವರು ಮಾತ್ರ “ಮತ್ತೆ ಯಾವಾಗ?” ಎಂದು ಕೇಳುತ್ತಿದ್ದರು.

ಹಾಗೆ ಕೇಳಿದವರಲ್ಲಿ ಒಬ್ಬ ಡೇವ್ ಆರ್ನೆಸನ್. 1947ರಲ್ಲಿ ಹುಟ್ಟಿದವನು, ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ವಿದ್ಯಾರ್ಥಿ. ವೆಸ್ಲಿಯ ಇನ್ನೊಂದು ಆಟ ಒಂದು ಕಾಲ್ಪನಿಕ ದೇಶದ ಕ್ರಾಂತಿಯದು. ಅದಕ್ಕೆ ಆರ್ನೆಸನ್ ಮನೆಯಿಂದಲೇ ಒಂದು ಸುಳ್ಳು ಸಿ.ಐ.ಎ. ಗುರುತಿನ ಚೀಟಿ ಮಾಡಿಕೊಂಡು ಬಂದಿದ್ದನಂತೆ! ಅದನ್ನು ತೋರಿಸಿ ಎಲ್ಲರನ್ನೂ ನಂಬಿಸಿ, ಕಡೆಗೆ ದೇಶದ ಖಜಾನೆಯೊಂದಿಗೇ ಪರಾರಿಯಾದ ಎಂದು ಆಡಿದವರು ಇಂದಿಗೂ ನಕ್ಕು ಹೇಳುತ್ತಾರೆ. ಅಂಥ ಆಸಾಮಿ.

ಟೇಬಲ್ ಟೆನಿಸ್ ಮೇಜಿನ ಮೇಲೆ ಕೋಟೆ

ವೆಸ್ಲಿ ಸೈನ್ಯದ ಕೆಲಸಕ್ಕೆ ಹೊರಟುಹೋದ ಮೇಲೆ ಆಟ ನಡೆಸುವ ಜವಾಬ್ದಾರಿ ಆರ್ನೆಸನ್ ಹೆಗಲಿಗೆ ಬಂತು. ಆ ಹೊತ್ತಿಗೆ ಅವನಿಗೆ ನೆಪೋಲಿಯನ್ ಸಾಕಾಗಿದ್ದ. ಒಂದು ವಾರಾಂತ್ಯ ಪೂರ್ತಿ ಟೀವಿಯಲ್ಲಿ ಹಳೇ ರಾಕ್ಷಸರ ಸಿನಿಮಾ ನೋಡುತ್ತ, ಕಾನನ್ ಸಾಹಸದ ಪುಸ್ತಕ ಓದುತ್ತ, ಪಾಪ್‌ಕಾರ್ನ್ ಮೆಲ್ಲುತ್ತ ಗ್ರಾಫ್ ಹಾಳೆಯ ಮೇಲೆ ಗೆರೆ ಎಳೆಯುತ್ತ ಕೂತಿದ್ದೆ ಎಂದು ಮುಂದೆ ಅವನೇ ಹೇಳಿಕೊಂಡಿದ್ದಾನೆ. ಗೀಚಿದ ಆ ಗೆರೆಗಳು ಕೋಟೆಯ ಅಡಿಯ ಸುರಂಗಗಳಾದವು.

1971ರ ಸುಮಾರಿಗೆ ಸೇಂಟ್ ಪಾಲ್‌ನ ಅವನ ತಂದೆತಾಯಿಯ ಮನೆಗೆ ಗೆಳೆಯರು ಎಂದಿನಂತೆ ಬಂದರು. ನೆಲಮಾಳಿಗೆಗೆ ಇಳಿದು ನೋಡಿದರೆ ಟೇಬಲ್ ಟೆನಿಸ್ ಮೇಜಿನ ಮೇಲೆ ನೆಪೋಲಿಯನ್ನನ ಸೈನ್ಯವಿಲ್ಲ, ಪ್ಲಾಸ್ಟಿಕ್ಕಿನ ಒಂದು ಕೋಟೆ! ಅದು ಬ್ಲ್ಯಾಕ್‌ಮೂರ್. ಕೋಟೆಯ ಪಕ್ಕ ಹಳ್ಳಿ, ಆಚೆ ಜೌಗು, ಕೆಳಗೆ ಒಂದರಡಿ ಒಂದು ಅಂತಸ್ತಿನ ಕತ್ತಲೆಯ ದಾರಿಗಳು. ಸೈನ್ಯ ನಡೆಸಿ ಅಭ್ಯಾಸವಾದವರಿಗೆ ಆರ್ನೆಸನ್ ಒಬ್ಬೊಬ್ಬನಿಗೆ ಒಂದೇ ಒಂದು ಜೀವ ಕೊಟ್ಟ. ಅದು ನೀವೇ, ಕಾಪಾಡಿಕೊಳ್ಳಿ ಎಂದ.

ಪಾತ್ರಗಳ ಹೆಸರುಗಳನ್ನು ನೋಡಿದರೇ ಗೊತ್ತಾಗುತ್ತದೆ, ಅವರು ಎಷ್ಟರ ಮಟ್ಟಿಗೆ ತಾವೇ ಒಳಗೆ ಹೋಗಿದ್ದರು ಎಂದು. ಸ್ವೆನ್ಸನ್ ಎಂಬ ಗೆಳೆಯ ‘ದಿ ಗ್ರೇಟ್ ಸ್ವೆನ್ನಿ’ ಆದ. ಫ್ಯಾಂಟ್ ಎಂಬವನು ರಕ್ತ ಹೀರುವ ಪಿಶಾಚಿಯಾಗಿ ‘ಸರ್ ಫ್ಯಾಂಗ್’ ಆದ. ಈ ಸರ್ ಫ್ಯಾಂಗ್‌ನ ಕಾಟ ತಡೆಯಲಾರದೆ ಅವನನ್ನು ಎದುರಿಸಲು ದೈವಬಲವುಳ್ಳ ಒಬ್ಬ ಬೇಕಾಯಿತು. ಮೈಕ್ ಕಾರ್ ಎಂಬ ಗೆಳೆಯ ‘ಬಿಷಪ್ ಕಾರ್’ ಆಗಿ ಬಂದ. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಈ ಆಟದಲ್ಲಿ ‘ಕ್ಲೆರಿಕ್’ ಪಾತ್ರ ಆರಿಸಿಕೊಂಡರೂ ಅದರ ಮೂಲ ಆ ನೆಲಮಾಳಿಗೆಯ ಗೆಳೆಯರ ಜಗಳದಲ್ಲಿದೆ!

ನಿಯಮಗಳೂ ಹೀಗೇ, ಬೇಕಾದ ಹಾಗೆ ಹುಟ್ಟಿದವು. ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಯುದ್ಧದಾಟ ಪ್ರಕಟಿಸಿದ್ದರು. ಆರ್ನೆಸನ್ ಅದನ್ನು ಬಳಸಿ ನೋಡಿದ. ಅದರಲ್ಲಿ ದಾಳ ಒಮ್ಮೆ ಬಿದ್ದರೆ ಮುಗಿಯಿತು, ಬದುಕು ಇಲ್ಲವೇ ಸಾವು. ಸೀಸದ ಸೈನಿಕ ಸತ್ತರೆ ಯಾರಿಗೂ ಅಳುವಿಲ್ಲ. ಆದರೆ ತಿಂಗಳುಗಟ್ಟಲೆ ಸಾಕಿದ ಪಾತ್ರ ಒಂದೇ ಏಟಿಗೆ ಸತ್ತರೆ? ಗೆಳೆಯರು ಒಪ್ಪಲಿಲ್ಲ. ಕಬ್ಬಿಣದ ಕವಚದ ಯುದ್ಧನೌಕೆಗಳ ಆಟಕ್ಕೆಂದು ಆರ್ನೆಸನ್ ಮೊದಲೇ ಒಂದು ಲೆಕ್ಕ ಮಾಡಿಕೊಂಡಿದ್ದ. ಹಡಗು ಇಂತಿಷ್ಟು ಏಟು ತಡೆದುಕೊಂಡು ಆಮೇಲೆ ಮುಳುಗುತ್ತದೆ. ಆ ಲೆಕ್ಕವನ್ನೇ ಮನುಷ್ಯರಿಗೂ ಹಚ್ಚಿದ. ‘ಹಿಟ್ ಪಾಯಿಂಟ್’ ಬಂದದ್ದು ಹೀಗೆ. ನಿಮ್ಮ ಮಗ ಮೊಬೈಲಿನಲ್ಲಿ ಆಡುವ ಆಟದಲ್ಲಿ ಮೇಲೆ ಕಾಣುವ ಜೀವದ ಪಟ್ಟಿ ಇದೆಯಲ್ಲ, ಅದೂ ಇದೇ ವಂಶದ್ದು.

ಆರ್ನೆಸನ್ ಬರೀ ಕಥೆಗಾರನಲ್ಲ, ಕರ್ಮಫಲ ಕೊಡುವವನೂ ಆಗಿದ್ದ. ಆಟಗಾರರು ನಿಧಿಯಾಸೆಗೆ ಬಿದ್ದು ಸುರಂಗಕ್ಕೆ ಇಳಿಯುವುದರಲ್ಲೇ ಮುಳುಗಿ, ಮೇಲಿನ ಕೋಟೆಯ ಕಾವಲನ್ನೇ ಮರೆತರು. ಶತ್ರುಗಳು ಬಂದು ಬ್ಲ್ಯಾಕ್‌ಮೂರ್ ಹಿಡಿದೇಬಿಟ್ಟರು. ಇನ್ನೊಬ್ಬನಾಗಿದ್ದರೆ ಆಟ ಕೆಡದಿರಲಿ ಎಂದು ಕೋಟೆ ವಾಪಸು ಕೊಡುತ್ತಿದ್ದನೇನೋ. ಇವನು ಎಲ್ಲರನ್ನೂ ‘ಲಾಕ್ ಗ್ಲೂಮೆನ್’ ಎಂಬ ದೂರದ ಸರೋವರದ ಸೀಮೆಗೆ ಗಡಿಪಾರು ಮಾಡಿದ. ಆಟ ಅಲ್ಲಿಂದ ಮುಂದುವರಿಯಿತು. ಆಡಿದ್ದಕ್ಕೆ ಫಲ ಉಂಟು, ಮಾಡಿದ್ದು ಅಳಿಸುವುದಿಲ್ಲ ಎಂಬುದು ಗೊತ್ತಾದ ಮೇಲೆ ಆ ಕಾಲ್ಪನಿಕ ಊರು ಅವರಿಗೆ ನಿಜವಾದ ಊರಿನಂತೆಯೇ ಆಯಿತು.

ಬರೆದಿಟ್ಟವರು ಯಾರು?

1972ರ ಕೊನೆಯಲ್ಲಿ ಆರ್ನೆಸನ್ ಮತ್ತು ಗೆಳೆಯ ಡೇವಿಡ್ ಮೆಗರಿ ಐನೂರು ಕಿಲೋಮೀಟರಿಗೂ ಹೆಚ್ಚು ದೂರ ಕಾರಿನಲ್ಲಿ ಹೋಗಿ, ಲೇಕ್ ಜಿನೀವಾದ ಗೈಗ್ಯಾಕ್ಸ್ ಮನೆಯಲ್ಲಿ ಬ್ಲ್ಯಾಕ್‌ಮೂರ್ ಆಡಿಸಿದರು. ಗೈಗ್ಯಾಕ್ಸ್‌ಗೆ ಹುಚ್ಚೇ ಹಿಡಿಯಿತು ಅನ್ನಿ! ತಾನೂ ‘ಗ್ರೇಹಾಕ್’ ಎಂಬ ಕೋಟೆ ಕಟ್ಟಿ, ಮೊದಲು ತನ್ನ ಮಕ್ಕಳನ್ನೇ ಅದರೊಳಕ್ಕೆ ಇಳಿಸಿದ. ಆ ಕಾಲದಲ್ಲಿ ಅವನ ಮನೆಯಲ್ಲಿ ಆಡಿದ ಒಬ್ಬರ ನೆನಪು ನನಗೆ ಬಹಳ ಇಷ್ಟ. ಫೈಲ್ ಕಪಾಟಿನ ಖಾನೆಗಳನ್ನು ಹೊರಗೆ ಎಳೆದಿಟ್ಟು, ಗೈಗ್ಯಾಕ್ಸ್ ಅದರ ಹಿಂದೆ ಕೂರುತ್ತಿದ್ದನಂತೆ. ಆಟಗಾರರಿಗೆ ಮುಖ ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು. ಇದು ರೇಡಿಯೋ ಅಲ್ಲದೆ ಮತ್ತೇನು, ನೀವೇ ಹೇಳಿ!

ಆರ್ನೆಸನ್ ಆಡಿಸುವುದರಲ್ಲಿ ಎತ್ತಿದ ಕೈ. ಬರೆದಿಡುವುದು ಅವನಿಗೆ ಒಗ್ಗದ ಕೆಲಸ. ಅವನು ಕಳಿಸಿದ್ದು ಸುಮಾರು ಇಪ್ಪತ್ತು ಪುಟದ ಟಿಪ್ಪಣಿ. ಅದನ್ನು ಹಿಡಿದು ಗೈಗ್ಯಾಕ್ಸ್ ಟೈಪ್‌ರೈಟರ್ ಮುಂದೆ ಕೂತು ಬೆಳೆಸಿದ, ತಿದ್ದಿದ, ತನ್ನದನ್ನೂ ಸೇರಿಸಿದ. 1973ರಲ್ಲಿ ಗೆಳೆಯ ಡಾನ್ ಕೇ ಜೊತೆ ಸೇರಿ ಟಿ.ಎಸ್.ಆರ್. ಎಂಬ ಪುಟ್ಟ ಸಂಸ್ಥೆ ಶುರು ಮಾಡಿದ. 1974ರ ಜನವರಿಯಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಹೊರಬಂತು. ಒಂದು ಪೆಟ್ಟಿಗೆ, ಮೂರು ಚಿಕ್ಕ ಪುಸ್ತಕ, ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ. ಪುಸ್ತಕದ ಮೇಲೆ ಇಬ್ಬರ ಹೆಸರೂ ಇತ್ತು.

1975ರಲ್ಲಿ ‘ಬ್ಲ್ಯಾಕ್‌ಮೂರ್’ ಹೆಸರಿನಲ್ಲೇ ಒಂದು ಪುರವಣಿ ಬಂತು. ಈ ಬಗೆಯ ಆಟಗಳಲ್ಲಿ ಅಚ್ಚಾದ ಮೊದಲ ಸಾಹಸಪ್ರಸಂಗವೆಂದು ಹೆಸರಾದ ‘ಕಪ್ಪೆಯ ದೇಗುಲ’ ಇರುವುದು ಅದರಲ್ಲೇ. ಆರ್ನೆಸನ್ 1976ರಲ್ಲಿ ಟಿ.ಎಸ್.ಆರ್. ಕೆಲಸಕ್ಕೆ ಸೇರಿ ಆ ವರ್ಷವೇ ಬಿಟ್ಟ. 1977ರಿಂದ ‘ಅಡ್ವಾನ್ಸ್ಡ್’ ಎಂಬ ವಿಶೇಷಣದೊಂದಿಗೆ ಬಂದ ಹೊಸ ಪುಸ್ತಕಗಳಲ್ಲಿ ಲೇಖಕನ ಹೆಸರು ಗೈಗ್ಯಾಕ್ಸ್ ಒಬ್ಬನದೇ. 1979ರಲ್ಲಿ ಆರ್ನೆಸನ್ ಕೋರ್ಟಿಗೆ ಹೋದ. 1981ರಲ್ಲಿ ರಾಜಿಯಾಯಿತು. ಆಟದ ಸಹಸೃಷ್ಟಿಕರ್ತ ಎಂಬ ಮಾನ್ಯತೆ ಆರ್ನೆಸನ್‌ಗೆ ದಕ್ಕಿತು.

ಇದನ್ನು ಓದುವಾಗ ಒಬ್ಬರ ಪಕ್ಷ ವಹಿಸಬೇಕು ಅನಿಸುತ್ತದೆ, ಅಲ್ಲವೇ? ನನಗೂ ಅನಿಸಿತ್ತು. ಆದರೆ ಬರೆಯುವವನು ಇಲ್ಲದಿದ್ದರೆ ಬ್ಲ್ಯಾಕ್‌ಮೂರ್ ಮಿನ್ನೆಸೋಟದ ಹತ್ತಿಪ್ಪತ್ತು ಗೆಳೆಯರ ಗುಟ್ಟಾಗಿಯೇ ಉಳಿಯುತ್ತಿತ್ತು. ಆಡಿಸಿದವನು ಇಲ್ಲದಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ. ಕಾನೂನಿಗೆ ಬೇಕಾದದ್ದು ಕಾಗದ. ಇಪ್ಪತ್ತು ಪುಟವನ್ನು ಅದು ಅಳೆಯಬಲ್ಲದು. “ಈಗ ಏನು ಮಾಡುತ್ತೀರಿ?” ಎಂದು ಕೇಳಿ ಸುಮ್ಮನೆ ಕಾಯುವ ಆ ಒಂದು ಕ್ಷಣವನ್ನು ಯಾವ ಅಳತೆಗೋಲಿನಲ್ಲಿ ಅಳೆಯುವುದು? ಇನ್ನು ಸರ್ ಫ್ಯಾಂಗ್‌ಗೆ, ಬಿಷಪ್ಪನಿಗೆ, “ಒಂದೇ ಏಟಿಗೆ ಸಾಯುವುದಿಲ್ಲ” ಎಂದು ಹಠ ಹಿಡಿದ ಗೆಳೆಯರಿಗೆ ಎಷ್ಟು ಪಾಲು?

ನೆನಪೇ ದಾಖಲೆ

1977ರಲ್ಲಿ ಆರ್ನೆಸನ್ ತನ್ನ ಮೂಲ ಟಿಪ್ಪಣಿಗಳನ್ನು ‘ದಿ ಫಸ್ಟ್ ಫ್ಯಾಂಟಸಿ ಕ್ಯಾಂಪೇನ್’ ಎಂದು ಅಚ್ಚು ಹಾಕಿಸಿದ. ಓದಿದವರು ತಲೆ ಕೆರೆದುಕೊಂಡರು. ನಕಾಶೆ, ಬೆಲೆಪಟ್ಟಿ, ಯುದ್ಧದ ಲೆಕ್ಕ, ಅರ್ಧಂಬರ್ಧ ಕಥೆ ಎಲ್ಲ ಕಲಸುಮೇಲೋಗರ. ಭಾಗವತರ ಪ್ರಸಂಗದ ಪಟ್ಟಿ ಮಾತ್ರ ಸಿಕ್ಕಿ ಅರ್ಥಗಾರಿಕೆ ಸಿಗದಿದ್ದರೆ ಹೇಗಿರುತ್ತದೋ ಹಾಗೆ. ಉಳಿದದ್ದನ್ನು ತುಂಬಿಕೊಟ್ಟವರು ಆಡಿದ ಗೆಳೆಯರು. ಸ್ವೆನ್ಸನ್ ಮೊದಲ ಸುರಂಗದ ಸಾಹಸವನ್ನು ನೆನಪಿನಿಂದ ಬರೆದರು. 2019ರಲ್ಲಿ ಬಂದ ‘ಸೀಕ್ರೆಟ್ಸ್ ಆಫ್ ಬ್ಲ್ಯಾಕ್‌ಮೂರ್’ ಸಾಕ್ಷ್ಯಚಿತ್ರದಲ್ಲಿ ತಲೆ ನರೆತ ಆ ಹುಡುಗರೇ ಕೂತು ಮಾತಾಡಿದ್ದಾರೆ.

ಆರ್ನೆಸನ್ ಕೊನೆಯ ವರ್ಷಗಳಲ್ಲಿ ಫ್ಲಾರಿಡಾದ ಒಂದು ವಿಶ್ವವಿದ್ಯಾಲಯದಲ್ಲಿ ಆಟ ರೂಪಿಸುವುದನ್ನು ಕಲಿಸುತ್ತಿದ್ದ. ವರ್ಷಕ್ಕೊಮ್ಮೆ ಮಿನ್ನೆಸೋಟದಲ್ಲಿ ಹಳೇ ಗೆಳೆಯರೊಂದಿಗೆ ಕೂತು ಅದೇ ಬ್ಲ್ಯಾಕ್‌ಮೂರ್ ಆಡುವುದನ್ನು ಬಿಡಲಿಲ್ಲ. ಗೈಗ್ಯಾಕ್ಸ್ 2008ರ ಮಾರ್ಚ್‌ನಲ್ಲಿ, ಆರ್ನೆಸನ್ 2009ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಆರ್ನೆಸನ್‌ಗೆ ಆಗ 61 ವರ್ಷ.

ಕೇಳುಗರೇ, ನಿಮ್ಮ ಬಾಲ್ಯದಲ್ಲೂ ಒಬ್ಬ ಅಣ್ಣನೋ ಅಕ್ಕನೋ ಇದ್ದಿರಬೇಕು. ಬೇಸಿಗೆ ರಜೆಯಲ್ಲಿ ಅಜ್ಜಿಮನೆಯ ಅಟ್ಟವನ್ನು ಅರಮನೆ ಮಾಡಿದವರು, ಹಿತ್ತಿಲಿನ ಹಲಸಿನ ಮರದಲ್ಲಿ ರಾಕ್ಷಸನನ್ನು ಕೂರಿಸಿದವರು, ನಿಯಮವನ್ನು ಅಲ್ಲಲ್ಲೇ ಹುಟ್ಟಿಸಿ “ನೀನೀಗ ಏನು ಮಾಡ್ತೀಯ?” ಎಂದು ಕೇಳಿದವರು. ಅವರು ಬರೆದಿಟ್ಟಿರಲಾರರು. ಈಗ ಒಬ್ಬರು ಪುಣೆಯಲ್ಲಿ, ಒಬ್ಬರು ಚೆನ್ನೈಯಲ್ಲಿ, ನೀವು ಇಲ್ಲಿ. ಈ ಭಾನುವಾರ ಒಂದು ಫೋನ್ ಮಾಡಿ, ಆ ಆಟದ ನಿಯಮ ಏನಿತ್ತು ಎಂದು ಕೇಳಿ. ಜಗಳ ಆದರೂ ಆಗಲಿ, ಅವರು ಹೇಳಿದ್ದನ್ನು ಬರೆದುಕೊಳ್ಳಿ. ನಮಗೂ ಕಳಿಸಿದರೆ ಮುಂದೊಂದು ದಿನ ಕೆಂಪು ದೀಪ ಹತ್ತಿದಾಗ ಓದುತ್ತೇನೆ.

ಮತ್ತೆ ಸಿಗೋಣ, ಅದೇ ಹೊತ್ತಿಗೆ, ಅದೇ ಕನ್ನಡದಲ್ಲಿ.