ಚೀಟಿ, ಸಂಖ್ಯೆ, ಹೆಸರು

ವೈದ್ಯನ ಬಾಗಿಲಲ್ಲಿ ಕಾದು ಕುಳಿತ ರೋಗಿಯ ಸರದಿಯೂ ಚರಿತ್ರೆಯ ವಿಷಯವೇ ಎಂದು ಯಾರಾದರೂ ಕೇಳಬಹುದು. ಅದಕ್ಕೆ ಶಾಸನಗಳಿಲ್ಲ, ತಾಮ್ರಪಟಗಳಿಲ್ಲ. ಆದರೂ ನರಳುವ ಮನುಷ್ಯನ ಹೆಸರನ್ನು ಯಾರು, ಏತಕ್ಕಾಗಿ ಬರೆದುಕೊಂಡರು ಎಂಬುದರಲ್ಲಿ ಒಂದು ಕಾಲದ ನ್ಯಾಯಾನ್ಯಾಯಗಳು ಅಡಗಿರುತ್ತವೆ. ನಾನು ಇದನ್ನು ಮೊದಲು ಅರಿತದ್ದು ಬಂಗಾರಪೇಟೆಯ ಒಂದು ಮರದ ಬೆಂಚಿನ ಮೇಲೆ.

1960ರ ದಶಕದಲ್ಲಿ ನಮ್ಮೂರಿನ ವೈದ್ಯರೊಬ್ಬರ ಜಗಲಿಯಲ್ಲಿ ಆ ಬೆಂಚಿತ್ತು. ಬೆಳಗಿನ ಜಾವವೇ ಹಳ್ಳಿಗಳಿಂದ ಬಂದವರು ಅದರ ಮೇಲೆ ಟವೆಲನ್ನೋ ಔಷಧದ ಖಾಲಿ ಸೀಸೆಯನ್ನೋ ಇಟ್ಟು ಕಾಫಿಗೆ ಹೋಗುತ್ತಿದ್ದರು. ಸೀಸೆಯೇ ಅವರ ಸರದಿ. ಕಾಂಪೌಂಡರು ಉದ್ದನೆಯ ಪುಸ್ತಕದಲ್ಲಿ ‘ಬೂದಿಕೋಟೆ ಅಜ್ಜಿ, ಚಳಿಜ್ವರ’ ಎಂದು ಗುರುತು ಹಾಕುತ್ತಿದ್ದ. ಎಳೆಗೂಸನ್ನು ಎತ್ತಿಕೊಂಡು ಯಾರಾದರೂ ಬಂದರೆ ಸಾಲು ತಾನಾಗಿಯೇ ದಾರಿ ಬಿಡುತ್ತಿತ್ತು.

ಬಂಗಾರಪೇಟೆ ಆಗ ಬೌರಿಂಗ್‌ಪೇಟೆ ಎನಿಸಿದ್ದ ಕಾಲದಲ್ಲಿ, 1894ರಲ್ಲಿ, ಚಿನ್ನದ ಗಣಿಗೆ ಕವಲು ರೈಲುದಾರಿ ಬಂದಿತು. ಆ ದಾರಿಯ ತುದಿಯಲ್ಲಿದ್ದ ಲೋಕವೇ ಬೇರೆ. 1880ರಿಂದ ಜಾನ್ ಟೇಲರ್ ಸಂಸ್ಥೆಯವರು ಕಟ್ಟಿದ ಆ ಲೋಕದಲ್ಲಿ ಮನುಷ್ಯನಿಗೆ ಹೆಸರಿಗಿಂತ ಮೊದಲು ಸಂಖ್ಯೆ. 1930ರಲ್ಲಿ ಕಾರ್ಮಿಕರೆಲ್ಲರ ಬೆರಳಚ್ಚನ್ನು ದಾಖಲು ಮಾಡಲು ಹೊರಟಾಗ ಗಣಿಗಳು ಸುಮಾರು ಮೂರು ವಾರ ನಿಂತುಹೋದವು. ಒಂದು ಗಣಿಯಲ್ಲಿ ಕೆಲಸ ಕಳೆದುಕೊಂಡವನಿಗೆ ಮತ್ತೊಂದರ ಬಾಗಿಲೂ ಮುಚ್ಚೀತೆಂಬುದು ಆ ಜನರ ಭಯವಾಗಿತ್ತು. ದಾಖಲೆಯೆಂದರೆ ಅವರ ಪಾಲಿಗೆ ಸಂಕೋಲೆ.

ಅದೇ ದಾಖಲೆ ಮುಂದೆ ಆಸರೆಯೂ ಆಯಿತು. ಬೆಣಚುಕಲ್ಲಿನ ಬಂಡೆಯನ್ನು ಕೊರೆಯುವಾಗ ಏಳುವ ಸಣ್ಣ ಧೂಳು ಶ್ವಾಸಕೋಶದಲ್ಲಿ ನೆಲಸಿ ಅದನ್ನು ಗಡುಸಾಗಿಸುತ್ತದೆ. ಇದೇ ಸಿಲಿಕೋಸಿಸ್. ಬಹುತೇಕ ಇದು ತಲೆದೋರುವುದು ಹಲವು ವರ್ಷಗಳ ಅನಂತರ. ಇಂದಿನ ಕೆಮ್ಮಿಗೆ ಅಂದಿನ ಧೂಳೇ ಕಾರಣವೆಂದು ಬಡವನು ಸಾಧಿಸುವುದೆಂತು? ತಾರೀಖು ಬರೆದ ಚೀಟಿಯೊಂದೇ ಅವನ ಸಾಕ್ಷಿ. 1947ರಲ್ಲಿ ಪ್ರಕಟವಾದ ಕೋಲಾರದ ಗಣಿಗಳ ಪರೀಕ್ಷೆಯ ವರದಿಯು, ನೋಡಿದ ಕಾರ್ಮಿಕರಲ್ಲಿ ನೂರಕ್ಕೆ 43.7ರಷ್ಟು ಮಂದಿಗೆ ಈ ವ್ಯಾಧಿ ಇದ್ದುದನ್ನು ತೋರಿಸಿತು. ಒಬ್ಬೊಬ್ಬನನ್ನೂ ನಿಲ್ಲಿಸಿ ಪರೀಕ್ಷಿಸಿ ಬರೆದಿಡದಿದ್ದರೆ ಈ ಸತ್ಯ ನೆಲದಡಿಯಲ್ಲೇ ಉಳಿಯುತ್ತಿತ್ತು.

ನನ್ನ ಸೋದರಮಾವ ಆ ನೆಲದಡಿಯಲ್ಲಿ ದುಡಿದವರು. ಅವರ ಆಸ್ಪತ್ರೆಯ ಚೀಟಿಗಳೆಲ್ಲ ಒಂದು ತಗಡಿನ ಪೆಟ್ಟಿಗೆಯಲ್ಲಿದ್ದವು. ಮನೆಪತ್ರ ಎಲ್ಲಿದೆಯೆಂದು ಅವರಿಗೆ ತಿಳಿಯದಿದ್ದೀತು, ಆ ಪೆಟ್ಟಿಗೆಯ ಬೀಗದ ಕೈ ಮಾತ್ರ ಸದಾ ಉಡಿದಾರದಲ್ಲಿ. ಪರಿಹಾರದ ಅರ್ಜಿಗೆ ಕಡೆಗೆ ಒದಗಿದ್ದು ಆ ಚೀಟಿಗಳೇ.

ಇತ್ತ ಇಂಗ್ಲೆಂಡಿನಲ್ಲಿ 1952ರಲ್ಲಿ ವೆಲ್ಚ್ ಮತ್ತು ಬೈಲಿ ಎಂಬಿಬ್ಬರು ಆಸ್ಪತ್ರೆಯ ಕಾಯುವಿಕೆಯನ್ನು ಗಣಿತದಿಂದ ಪರಿಶೀಲಿಸಿದರು. ಆರಂಭಕ್ಕೆ ಇಬ್ಬರನ್ನು ಕರೆಸಿ, ಉಳಿದವರಿಗೆ ಒಂದು ಪರೀಕ್ಷೆಗೆ ಹಿಡಿಯುವ ಸರಾಸರಿ ವೇಳೆಯ ಅಂತರದಲ್ಲಿ ಸಮಯ ಕೊಟ್ಟರೆ ಸಾಕು. ವೈದ್ಯರ ಕಾಲವೂ ವ್ಯರ್ಥವಾಗದು, ರೋಗಿಯೂ ಹೆಚ್ಚು ಕಾಯಬೇಕಾಗದು ಎಂದರು. ವೈದ್ಯರು ಹೊತ್ತಿಗೆ ಸರಿಯಾಗಿ ಬರಬೇಕೆಂಬುದನ್ನೂ ಒತ್ತಿ ಹೇಳಿದರು! ಲೆಕ್ಕ ಸರಳ, ಅದರ ಹಿಂದಿರುವ ಪ್ರಶ್ನೆ ದೊಡ್ಡದು. ಯಾರ ಹೊತ್ತಿಗೆ ಬೆಲೆ?

ಗಣಿಗಳು 1956ರಲ್ಲಿ ಸರ್ಕಾರದ ಕೈಸೇರಿ, 2001ರ ಫೆಬ್ರವರಿ 28ರಂದು ಮುಚ್ಚಿದವು. ಗಣಿಯ ಆಸ್ಪತ್ರೆಯೂ ಬಾಗಿಲು ಹಾಕಿತು. 2021ರ ಕೋವಿಡ್ ಸಂಕಟದಲ್ಲಿ ಸ್ವಯಂಸೇವಕರು ಆ ಪಾಳುಕೊಠಡಿಗಳ ಧೂಳು ಗುಡಿಸಿ ಮತ್ತೆ ಹಾಸಿಗೆ ಹಾಕಿದರೆಂದು ಕೇಳಿದಾಗ ನನಗೆ ಮಾವನವರ ನೆನಪು ಉಮ್ಮಳಿಸಿತು.

2022ರ ಅಕ್ಟೋಬರಿನಿಂದ ದೇಶದ ಆಸ್ಪತ್ರೆಗಳಲ್ಲಿ ಚೌಕುಳಿ ಸಂಕೇತವನ್ನು ಫೋನಿಗೆ ತೋರಿಸಿ ಹೆಸರು ನೋಂದಾಯಿಸುವ ಕ್ರಮ ಬಂದಿದೆ. ಸಾಲು ಕರಗುತ್ತದೆ, ಇದು ಉಪಕಾರವೇ. ಆದರೆ ಈಚೆಗೆ ನನ್ನ ಅತ್ತೆಯವರನ್ನು, ಮಾವನವರ ಮಡದಿಯನ್ನು, ಒಂದು ಆಸ್ಪತ್ರೆಗೆ ಕರೆದೊಯ್ದಿದ್ದೆ. ನಾನು ಔಷಧಿ ಅಂಗಡಿಗೆ ಹೋಗಿದ್ದಾಗ ಗೋಡೆಯ ಪರದೆಯ ಮೇಲೆ ಅವರ ಸಂಖ್ಯೆ ಮೂಡಿ ಮಾಯವಾಗಿತ್ತು. ಓದು ಬಾರದ ಅತ್ತೆ ಎದುರಿಗೇ ಕುಳಿತಿದ್ದರು. ಕಿಟಕಿಯ ಹುಡುಗ, ‘ಮತ್ತೆ ಮೊದಲಿಂದ ನೋಂದಾಯಿಸಿ’ ಎಂದ. ಅತ್ತೆ ಚೀಲದಿಂದ ಮಾವನವರ ಹಳೆಯ ಚೀಟಿಯೊಂದನ್ನು ತೆಗೆದು ಅವನತ್ತ ಚಾಚಿದರು.

‘ನಂಬರು ಬೇಕಂದ್ರೆ ಇದರಲ್ಲಿದೆ ನೋಡಪ್ಪ.’

ಹುಡುಗ ನಗಲಿಲ್ಲ. ಚೀಟಿಯನ್ನು ತಿರುಗಿಸಿ ನೋಡಿ, ಜೋಪಾನವಾಗಿ ಹಿಂದಿರುಗಿಸಿ, ‘ನಿಮ್ಮ ಹೆಸರೇನಜ್ಜಿ?’ ಎಂದು ಕೇಳಿದ. ಅತ್ತೆ ಹೆಸರು ಹೇಳಿದರು. ಅವನೇ ಎದ್ದು ಒಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲೇ ಬಾಗಿಲಲ್ಲಿ ನಿಂತು ಆ ಹೆಸರನ್ನು ಗಟ್ಟಿಯಾಗಿ ಕೂಗಿದ.

ಸಂಖ್ಯೆ ಬೇಕು, ನನ್ನ ಮಾವನವರ ಕೊನೆಗಾಲವನ್ನು ಕಾಯ್ದದ್ದು ಅದೇ. ಆದರೆ ಅದನ್ನು ಬರೆದುಕೊಂಡವನು ಒಮ್ಮೆ ತಲೆಯೆತ್ತಿ ಹೆಸರನ್ನೂ ಕೇಳಬೇಕು.