ಹಾಜರಿದ್ದವರು, ಕೇಳಿಸಿಕೊಂಡವರು

ಕಳೆದ ತಿಂಗಳ ಎರಡನೇ ಜುಮಾದಂದು ಮಕ್ಕಳ ಕಲಿಕೆ ಮತ್ತು ಮೊಬೈಲ್ ಬಗ್ಗೆ ನಾವು ನಾಲ್ಕು ಮಾತು ಹೇಳಿದ್ದೆವು. ಇಪ್ಪತ್ತು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅದಲ್ಲ. ಇತಿಹಾಸದ ಭಾಗವಂತೂ ಪೂರ್ತಿ ಉಳಿದುಹೋಯಿತು. ನಮಾಝಿನ ಬಳಿಕ ಹಲವರು ಅದನ್ನೇ ಕೇಳಿದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ.

ಮೊದಲು ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಪರೀಕ್ಷೆಗೆ ಮೂರು ತಿಂಗಳಿರುವಾಗ ಮಹಲ್ಲದ ಒಬ್ಬ ತಂದೆ ಬಂದು, ‘ದ್ವಿತೀಯ ಪಿಯುಸಿಯ ಮಗ ಪುಸ್ತಕ ಬಿಡಿಸಿ ಕುಳಿತರೂ ಕಣ್ಣು ಮೊಬೈಲಿನಲ್ಲೇ ಇರುತ್ತದೆ, ಏನು ಮಾಡಲಿ ಉಸ್ತಾದ್’ ಎಂದು ಕೇಳಿದರು. ಹೆಚ್ಚು ಯೋಚಿಸದೆ, ‘ಕಪಾಟಿನಲ್ಲಿಟ್ಟು ಬೀಗ ಹಾಕಿ, ಪರೀಕ್ಷೆ ಮುಗಿದ ಮೇಲೆ ಕೊಡಿ’ ಎಂದುಬಿಟ್ಟೆವು. ಅವರು ಹಾಗೆಯೇ ಮಾಡಿದರು. ಎರಡು ವಾರ ಕಳೆದು ಪೂರ್ವಸಿದ್ಧತಾ ಪರೀಕ್ಷೆಯ ಒಂದು ವಿಷಯದ ದಿನ ಬದಲಾಯಿತು. ಸೂಚನೆ ಬಂದದ್ದು ತರಗತಿಯ ವಾಟ್ಸಾಪ್ ಗುಂಪಿನಲ್ಲಿ. ಹುಡುಗನಿಗೆ ಪರೀಕ್ಷೆ ತಪ್ಪಿತು. ತಂದೆ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಆದರೆ ಮಗ್ರಿಬ್‌ಗೆ ಯಾವಾಗಲೂ ಮೊದಲ ಸಾಲಿನಲ್ಲಿರುತ್ತಿದ್ದ ಆ ಹುಡುಗ ಕೊನೆಯ ಸಾಲಿಗೆ ಸರಿದ. ಸಲಾಮ್ ಹೇಳಿ ತಿರುಗಿದಾಗಲೆಲ್ಲ ನಮಗೆ ಅದು ಕಾಣುತ್ತಿತ್ತು.

ಬೀಗ ಹಾಕುವುದು ಸುಲಭದ ಉತ್ತರ. ಪಾಠವೂ ಸೂಚನೆಯೂ ಅದೇ ಯಂತ್ರದಲ್ಲಿ ಬರುವ ಕಾಲದಲ್ಲಿ ಅದು ಉತ್ತರವಾಗುವುದಿಲ್ಲ. ಹಾಗೆಂದು ಎಲ್ಲವನ್ನೂ ಒಟ್ಟಿಗೆ ಮಾಡಲು ಬಿಡುವುದೂ ಆಗದು. ನಮ್ಮ ಹಿರಿಯರಿಗೆ ಈ ಪ್ರಶ್ನೆ ಎದುರಾಗಿತ್ತೇ ಎಂದು ಹಳೆಯ ಕಿತಾಬುಗಳನ್ನು ಬಿಡಿಸಿದೆವು. ಎದುರಾಗಿತ್ತು. ಅದೂ ಸಾವಿರ ವರ್ಷಗಳ ಹಿಂದೆ, ಬಹುತೇಕ ಇದೇ ರೂಪದಲ್ಲಿ.

ಹದೀಸ್ ಕಲಿಯುವುದೆಂದರೆ ಆಗ ಗ್ರಂಥ ಕೊಂಡು ಮನೆಯಲ್ಲಿ ಓದುವುದಾಗಿರಲಿಲ್ಲ. ಉಸ್ತಾದರ ಮುಂದೆ ಕುಳಿತು ಕಿವಿಯಾರೆ ಕೇಳಬೇಕು. ಹಾಗೆ ಕೇಳಿದವನಿಗೆ ಮಾತ್ರ ‘ಹದ್ದಸನಾ’, ಅಂದರೆ ‘ಇಂತಹವರು ನಮಗೆ ಹೇಳಿದರು’ ಎಂದು ಮುಂದಿನವರಿಗೆ ತಿಳಿಸುವ ಹಕ್ಕು. ವಿದ್ಯಾರ್ಥಿಯ ಗಮನ ಎಲ್ಲೋ ಇದ್ದು, ಆತ ‘ಹದ್ದಸನಾ’ ಎಂದರೆ ಪ್ರವಾದಿ(ಸ)ಯವರ ತನಕ ಹೋಗುವ ಸರಪಳಿಯಲ್ಲಿ ಒಂದು ಕೊಂಡಿ ಸುಳ್ಳಾಗುತ್ತದೆ. ಆದ್ದರಿಂದ ಗಮನ ಎಂಬುದು ಅವರಿಗೆ ಅಂಕಗಳ ವಿಷಯವಾಗಿರಲಿಲ್ಲ, ಪ್ರಾಮಾಣಿಕತೆಯ ವಿಷಯವಾಗಿತ್ತು.

ಹಿಜರಿ 306ರಲ್ಲಿ (ಕ್ರಿ.ಶ. 918) ಬಗ್ದಾದಿನಲ್ಲಿ ಹುಟ್ಟಿದ ಇಮಾಮ್ ದಾರಕುತ್ನೀ(ರ) ಅವರು ಇನ್ನೂ ಯುವಕರಾಗಿದ್ದಾಗ ಇಸ್ಮಾಯೀಲ್ ಅಸ್ಸಫ್ಫಾರ್(ರ) ಅವರ ಮಜ್ಲಿಸಿಗೆ ಹೋದರು. ಉಸ್ತಾದರು ಹದೀಸುಗಳನ್ನು ಹೇಳಿ ಬರೆಸುತ್ತಿದ್ದರು. ದಾರಕುತ್ನೀ ಮಾತ್ರ ತಮ್ಮ ಬಳಿಯಿದ್ದ ಬೇರೆಯೇ ಒಂದು ಹೊತ್ತಗೆಯನ್ನು ನಕಲು ಮಾಡುತ್ತ ಕುಳಿತಿದ್ದರು. ಪಕ್ಕದವರೊಬ್ಬರಿಗೆ ಸಹನೆ ಮೀರಿತು. ನೀನು ನಕಲು ಮಾಡುತ್ತಿರುವಾಗ ನಿನ್ನ ಕೇಳುವಿಕೆ ಸಿಂಧುವಾಗದು ಎಂದರು. ದಾರಕುತ್ನೀ ತಿರುಗಿ ಒಂದು ಪ್ರಶ್ನೆ ಹಾಕಿದರು: ಇಲ್ಲಿಯವರೆಗೆ ಉಸ್ತಾದರು ಎಷ್ಟು ಹದೀಸ್ ಬರೆಸಿದ್ದಾರೆ? ಆಕ್ಷೇಪಿಸಿದವರಿಗೆ ಗೊತ್ತಿರಲಿಲ್ಲ. ಹದಿನೆಂಟು ಎಂದರು ದಾರಕುತ್ನೀ. ಎಣಿಸಿ ನೋಡಿದರೆ ಸರಿಯಾಗಿ ಹದಿನೆಂಟು. ಬಳಿಕ ಮೊದಲನೆಯದು ಇಂತಹವರಿಂದ ಇಂತಹವರಿಗೆ, ಅದರ ಮಾತು ಇದು, ಎರಡನೆಯದು ಹೀಗೆ ಎಂದು ಕೊನೆಯ ತನಕ ಸನದ್ ಸಮೇತ ಕ್ರಮವಾಗಿ ಒಪ್ಪಿಸಿದರು. ಸಭೆ ಬೆರಗಾಯಿತು.

ಈ ಕಥೆಯನ್ನು ನಾವು ಹೇಳಿ ಮುಗಿಸುವ ಮೊದಲೇ ಮದ್ರಸದ ಹಿರಿಯ ತರಗತಿಯ ಒಬ್ಬ ಕೈಯೆತ್ತಿದ: ‘ಹಾಗಾದರೆ ಎರಡು ಕೆಲಸ ಒಟ್ಟಿಗೆ ಮಾಡಬಹುದು ಅಲ್ವಾ ಉಸ್ತಾದ್?’ ಅವನ ಮುಖದ ಸಂತೋಷ ನೋಡಬೇಕಿತ್ತು! ನಾವು ಕೇಳಿದೆವು: ‘ನಿನ್ನೆಯ ಪಾಠದಲ್ಲಿ ಎಷ್ಟು ಹದೀಸ್ ಓದಿದೆವು?’ ಅವನು ಕೈ ಇಳಿಸಿದ.

ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ವಿದ್ವಾಂಸರಲ್ಲೂ ಇದರ ಬಗ್ಗೆ ಒಮ್ಮತವಿರಲಿಲ್ಲ. ಇಬ್ರಾಹೀಮ್ ಅಲ್‌ಹರ್ಬೀ(ರ), ಅಬೂ ಇಸ್‌ಹಾಕ್ ಅಲ್‌ಇಸ್ಫರಾಯೀನೀ(ರ) ಮೊದಲಾದವರು ನಕಲು ಮಾಡುತ್ತ ಕೇಳಿದ್ದು ಸಿಂಧುವಲ್ಲ ಎಂದರು. ಇನ್ನೊಂದೆಡೆ ಅಬ್ದುಲ್ಲಾಹ್ ಇಬ್ನುಲ್ ಮುಬಾರಕ್(ರ), ಅಬೂ ಹಾತಿಮ್ ಅರ್‍ರಾಝೀ(ರ) ಅವರಂತಹ ದೊಡ್ಡವರೇ ಹಾಗೆ ಮಾಡಿದ ಉದಾಹರಣೆಗಳಿವೆ. ನಮಗೆ ಬಹಳ ಹಿಡಿಸಿದ್ದು ಅಬೂಬಕರ್ ಅಸ್ಸಿಬ್ಗೀ(ರ) ಅವರ ಅಭಿಪ್ರಾಯ. ಅಂಥವನು ‘ಹದ್ದಸನಾ’ ಎನ್ನಬಾರದು, ‘ಹಳರ್ತು’, ಅಂದರೆ ‘ನಾನು ಹಾಜರಿದ್ದೆ’ ಎನ್ನಬೇಕು ಎಂದರು ಅವರು. ಹಾಜರಿದ್ದೆ, ಅಷ್ಟೇ. ಇದರಲ್ಲಿ ಬೈಗುಳವಿಲ್ಲ, ಶಿಕ್ಷೆಯಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಲು ಒಂದು ಪದ ಕೊಟ್ಟರು. ನಮ್ಮ ಕಾಲದಲ್ಲಿ ಹಾಜರಿಗೆ ಪುಸ್ತಕವಿದೆ, ಯಂತ್ರವಿದೆ, ಶೇಕಡಾ ಲೆಕ್ಕವಿದೆ. ಆದರೆ ‘ದೇಹ ಮಾತ್ರ ಬಂದಿತ್ತು’ ಎಂದು ಹೇಳಲು ಗೌರವದ ಪದವೊಂದಿಲ್ಲ.

ಹಿಜರಿ 643ರಲ್ಲಿ (ಕ್ರಿ.ಶ. 1245) ತೀರಿಕೊಂಡ ಇಮಾಮ್ ಇಬ್ನುಸ್ಸಲಾಹ್(ರ) ದಮಾಸ್ಕಸ್‌ನ ದಾರುಲ್ ಹದೀಸ್ ಅಲ್‌ಅಶ್ರಫಿಯ್ಯಾದಲ್ಲಿ ಪಾಠ ಹೇಳುತ್ತಿದ್ದವರು. ಹದೀಸ್ ಶಾಸ್ತ್ರದ ಬಗೆಗಿನ ತಮ್ಮ ಪ್ರಸಿದ್ಧ ಗ್ರಂಥದಲ್ಲಿ ಅವರು ಈ ಅಭಿಪ್ರಾಯಗಳನ್ನೆಲ್ಲ ಮುಂದಿಟ್ಟು, ದಾರಕುತ್ನೀಯವರ ಘಟನೆಯನ್ನೂ ಹೇಳಿ, ನಡುವಿನ ತೀರ್ಮಾನಕ್ಕೆ ಬಂದರು. ಕೈ ಏನು ಮಾಡುತ್ತಿತ್ತು ಎಂಬುದು ಮುಖ್ಯವಲ್ಲ. ಓದಿದ್ದು ಅರ್ಥವಾಗಿ ಒಳಗೆ ಹೋಯಿತೇ, ಅಥವಾ ಬರೀ ಸದ್ದಾಗಿ ಕಿವಿಗೆ ಬಡಿಯಿತೇ? ಅರ್ಥವಾಗಿದ್ದರೆ ಸಿಂಧು, ಸದ್ದು ಮಾತ್ರವಾಗಿದ್ದರೆ ಅಲ್ಲ. ಪಾಠದ ನಡುವೆ ಮಾತನಾಡುವವರಿಗೆ, ಓದುವವನಿಂದ ದೂರ ಕುಳಿತವರಿಗೆ, ಅತಿ ವೇಗದ ಓದಿಗೆ ಕೂಡ ಅದೇ ಅಳತೆ. ಒಂದೆರಡು ಪದ ತಪ್ಪಿಹೋದರೆ ಮನ್ನಿಸಬಹುದು. ಅಂತಹ ಬಿರುಕು ತುಂಬಲು ಪಾಠದ ಕೊನೆಗೆ ಉಸ್ತಾದರು ಎಲ್ಲರಿಗೂ ಇಜಾಝ, ಅಂದರೆ ಅನುಮತಿ ಕೊಡುವುದು ಒಳ್ಳೆಯದು ಎಂದೂ ಬರೆದರು. ಇಂದಿನ ರೆಕಾರ್ಡ್ ಮಾಡಿದ ಪಾಠ ಇದೇ ಬಗೆಯದು ಎಂದು ನಮಗೆ ಅನಿಸುತ್ತದೆ. ಬಿಟ್ಟುಹೋದ ಒಂದೆರಡು ಪದಕ್ಕೆ ಅದು ಆಧಾರವಾಗಬಹುದು. ಪೂರ್ತಿ ಪಾಠವನ್ನೇ ‘ಆಮೇಲೆ ನೋಡಿದರಾಯಿತು’ ಎಂದು ಅದರ ಮೇಲೆ ಹೊರಿಸಿದರೆ ಅದು ತಡೆಯಲಾರದು.

ಅದೇ ದಮಾಸ್ಕಸ್‌ನಲ್ಲಿ 12ರಿಂದ 14ನೇ ಶತಮಾನದವರೆಗೆ ನಡೆದ ಮಜ್ಲಿಸುಗಳ ಹಾಜರಿ ಪಟ್ಟಿಗಳು ಇಂದಿಗೂ ಹಸ್ತಪ್ರತಿಗಳ ಅಂಚಿನಲ್ಲಿ, ಕೊನೆಯ ಪುಟಗಳಲ್ಲಿ ಉಳಿದಿವೆ. ಯಾರು ಓದಿದರು, ಯಾರು ಕೇಳಿದರು, ಯಾರು ತಡವಾಗಿ ಬಂದು ಎಷ್ಟು ಭಾಗ ತಪ್ಪಿಸಿಕೊಂಡರು ಎಂಬುದನ್ನೂ ಬರೆದಿಡುತ್ತಿದ್ದರು. ಐದು ವರ್ಷ ತುಂಬದ ಮಗುವಿಗೆ ‘ಕೇಳಿತು’ ಎಂದು ಬರೆಯದೆ ‘ಹಾಜರಿತ್ತು’ ಎಂದು ಬರೆಯುವುದು ರೂಢಿ. ಅಸ್ಸಿಬ್ಗೀ ಹೇಳಿದ ಅದೇ ಪದ.

ಹಾಗಿದ್ದರೂ ಆ ಮಜ್ಲಿಸುಗಳು ಉಸಿರಾಟವೂ ಕೇಳಿಸದಷ್ಟು ಮೌನವಾಗಿದ್ದವು ಎಂದುಕೊಳ್ಳಬೇಡಿ. ಇಮಾಮ್ ಇಬ್ನು ಕಸೀರ್(ರ) ತಮ್ಮ ಉಸ್ತಾದರೂ ಮಾವನೂ ಆದ ಹಾಫಿಝ್ ಅಲ್‌ಮಿಝ್ಝೀ(ರ) ಅವರ (ನಿಧನ ಹಿ. 742, ಕ್ರಿ.ಶ. 1341) ಸಭೆಯನ್ನು ಕಣ್ಣಾರೆ ಕಂಡು ಬರೆದಿದ್ದಾರೆ. ಅರ್ಥವಾಗುವವರು, ಆಗದವರು, ತೂಕಡಿಸುವವರು, ಹರಟುವವರು, ಆಡುವ ಮಕ್ಕಳು, ಎಲ್ಲರೂ ಅಲ್ಲಿದ್ದರು! ಎಲ್ಲರ ಹೆಸರಿಗೂ ‘ಕೇಳಿದರು’ ಎಂದೇ ಬರೆಯಲಾಗುತ್ತಿತ್ತು. ಸ್ವತಃ ಮಿಝ್ಝೀಯವರು ಪಾಠದ ನಡುವೆ ಏನೋ ಬರೆಯುತ್ತ ಕೆಲವೊಮ್ಮೆ ಕಣ್ಣು ಮುಚ್ಚಿ ತೂಗುತ್ತಿದ್ದರಂತೆ. ಆದರೆ ಓದುವವನು ತಪ್ಪಿದ ಕೂಡಲೇ ಸ್ಪಷ್ಟವಾಗಿ ತಿದ್ದುತ್ತಿದ್ದರು. ಎಚ್ಚರವಿದ್ದು ಪುಸ್ತಕ ಕೈಯಲ್ಲಿ ಹಿಡಿದವನಿಗೇ ನಾಚಿಕೆಯಾಗುವಂತೆ. ಇಬ್ನು ಕಸೀರ್ ಅದನ್ನು ಅಲ್ಲಾಹನ ವಿಶೇಷ ಅನುಗ್ರಹ ಎಂದು ಕರೆದರೇ ಹೊರತು ಎಲ್ಲರೂ ಅನುಸರಿಸುವ ವಿಧಾನ ಎಂದಲ್ಲ. ಇನ್ನೊಂದು ಸಭೆಯಲ್ಲಿ ಮಕ್ಕಳ ಆಟ ಹೆಚ್ಚಾದಾಗ ಅವರನ್ನು ಗದರಿಸಿ ಎಂದು ಕಾಝಿ ತಕಿಯ್ಯುದ್ದೀನ್ ಸುಲೈಮಾನ್(ರ) ಅವರಿಗೆ ಯಾರೋ ಹೇಳಿದರು. ಗದರಿಸಬೇಡಿ, ನಾವೂ ಹೀಗೆಯೇ ಕೇಳಿ ಬೆಳೆದವರು ಎಂಬುದು ಅವರ ಉತ್ತರ. ಮಕ್ಕಳ ಕೈಯಿಂದ ಮೊಬೈಲ್ ಕಿತ್ತುಕೊಳ್ಳುವ ಮೊದಲು ಈ ಕಾಝಿಯವರನ್ನು ನೆನೆಯಿರಿ ಎಂದು ಅಂದು ಜುಮಾದಲ್ಲಿ ಹೇಳಿದೆವು. ಬೀಗ ಹಾಕಿಸಿದವರು ನಾವೇ ಎಂಬುದನ್ನು ಮಾತ್ರ ಆಗ ಹೇಳಲು ಧೈರ್ಯ ಬರಲಿಲ್ಲ.

ಇಬ್ನು ಖಲ್ದೂನ್(ರ) ಅವರದು ಸ್ವಲ್ಪ ಕಠಿಣ ನಿಲುವು. ಒಂದೇ ಹೊತ್ತಿಗೆ ಎರಡು ವಿದ್ಯೆಗಳನ್ನು ವಿದ್ಯಾರ್ಥಿಯ ಮುಂದೆ ಬೆರೆಸಬೇಡಿ, ಮನಸ್ಸು ಹಂಚಿಹೋಗಿ ಎರಡೂ ಕೈತಪ್ಪುತ್ತವೆ ಎಂಬುದು ಮುಖದ್ದಿಮದಲ್ಲಿ ಅವರ ಸಲಹೆ. ಪಾಠಗಳ ನಡುವೆ ಬಹಳ ದಿನ ಬಿಟ್ಟರೆ ಕಲಿತದ್ದು ಮರೆಯುತ್ತದೆ ಎಂದೂ ಎಚ್ಚರಿಸಿದರು. ಆಸ್ಥಾನ, ರಾಯಭಾರ, ಸೆರೆಮನೆ, ಬೋಧನೆ ಎಂದು ಹತ್ತಾರು ಕಡೆ ಹಂಚಿಹೋದ ಬದುಕು ಅವರದು. ಅದನ್ನೆಲ್ಲ ಬಿಟ್ಟು ಇಂದಿನ ಅಲ್ಜೀರಿಯಾದ ಇಬ್ನು ಸಲಾಮ ಕೋಟೆಯಲ್ಲಿ ನೆಲೆಸಿದಾಗ, 1377ರಲ್ಲಿ, ಸುಮಾರು ಐದೇ ತಿಂಗಳಲ್ಲಿ ಮುಖದ್ದಿಮದ ಮೊದಲ ಕರಡು ಮುಗಿಯಿತು. ಆ ಬಳಿಕ ಬರೆದದ್ದನ್ನು ಒರೆಹಚ್ಚಲು ಗ್ರಂಥಗಳು ಬೇಕೆಂದು ಟ್ಯೂನಿಸ್ ನಗರಕ್ಕೆ ಮರಳಿದರು. ಏಕಾಂತಕ್ಕೂ ಒಂದು ಹೊತ್ತು, ಪೇಟೆಗೂ ಒಂದು ಹೊತ್ತು.

ನಮ್ಮ ಕರಾವಳಿಯ ಪಳ್ಳಿ ದರ್ಸ್‌ಗಳ ಬೇರು ಪೊನ್ನಾನಿಯಲ್ಲಿದೆ. 16ನೇ ಶತಮಾನದಲ್ಲಿ ಮಖ್ದೂಮರು ಕಟ್ಟಿದ ಆ ದರ್ಸ್‌ನಲ್ಲಿ ದೊಡ್ಡ ಪಳ್ಳಿಯ ತೂಗುದೀಪದ ಸುತ್ತ ಕುಳಿತು ಓದುವುದಕ್ಕೆ ‘ವಿಳಕ್ಕತ್ತಿರಿಕ್ಕಲ್’, ದೀಪದ ಬಳಿ ಕೂರುವುದು, ಎಂದೇ ಹೆಸರು. ನಾವು ಓದಿದ ದರ್ಸ್‌ನಲ್ಲಿ ತೂಗುದೀಪವಿರಲಿಲ್ಲ, ಟ್ಯೂಬ್‌ಲೈಟ್ ಇತ್ತು. ಒಬ್ಬ ನಹ್ವ್, ಇನ್ನೊಬ್ಬ ಫಿಕ್‌ಹ್, ಮತ್ತೊಬ್ಬ ತಫ್ಸೀರ್ ಎಂದು ಎಲ್ಲರೂ ಗಟ್ಟಿಯಾಗಿ ಓದುವಾಗ ಜೇನುಗೂಡಿನ ಸದ್ದು. ಆ ಗದ್ದಲದಲ್ಲೂ ಪ್ರತಿಯೊಬ್ಬನ ಮುಂದೆ ಇದ್ದದ್ದು ಒಂದೇ ಕಿತಾಬ್.

ಆಗ ನಾವು ಬಿಎಗೂ ಓದುತ್ತಿದ್ದೆವು. ಪರೀಕ್ಷೆ ಹತ್ತಿರ ಬಂದಾಗ ಕಿತಾಬಿನ ಅಡಿಯಲ್ಲಿ ಇತಿಹಾಸದ ನೋಟ್ಸ್ ಇಟ್ಟುಕೊಂಡು ದರ್ಸ್‌ನಲ್ಲಿ ಕುಳಿತೆವು. ಉಸ್ತಾದರು ಓದು ನಿಲ್ಲಿಸಿ, ಈಗ ಹೇಳಿದ್ದೇನು ಎಂದರು. ನಮಗೆ ಹದಿನೆಂಟಲ್ಲ, ಒಂದೂ ಗೊತ್ತಿರಲಿಲ್ಲ. ಅವರು ಬೈಯಲಿಲ್ಲ. ಮೂವತ್ತು ಮಂದಿ ಕಾಯುತ್ತಿರುವಂತೆ ನಾಲ್ಕು ಪುಟ ಹಿಂದಕ್ಕೆ ತಿರುಗಿಸಿ ಅಧ್ಯಾಯವನ್ನು ಮೊದಲಿನಿಂದ ಓದಿದರು. ಅಂದಿನ ಆ ನಾಲ್ಕು ಪುಟ ಇಂದಿಗೂ ನಮಗೆ ಬಾಯಿಪಾಠ. ಇತಿಹಾಸದ ಆ ಪತ್ರಿಕೆಯಲ್ಲಿ ಎಷ್ಟು ಅಂಕ ಬಂತೆಂದು ಮಾತ್ರ ಕೇಳಬೇಡಿ.

ಖುತ್ಬಾದ ವೇಳೆ ನೆಲದ ಹರಳುಕಲ್ಲಿನಲ್ಲಿ ಕೈಯಾಡಿಸುವುದನ್ನೂ ಪ್ರವಾದಿ(ಸ)ಯವರು ವ್ಯರ್ಥ ಕೃತ್ಯವೆಂದು ಎಣಿಸಿದ್ದು ಸಹೀಹ್ ಮುಸ್ಲಿಮಿನಲ್ಲಿದೆ. ಕಲ್ಲು ಮಾತಾಡುವುದಿಲ್ಲ, ಕರೆಯುವುದಿಲ್ಲ, ಆದರೂ ಕೈಗೆ ಒಂದು ಆಟ ಬೇಕು. ಜೇಬಿನಲ್ಲಿ ನಡುಗುವ, ಹೆಸರು ಹಿಡಿದು ಕರೆಯುವ ವಸ್ತುವನ್ನಿಟ್ಟುಕೊಂಡು ಕೂರುವ ಹದಿನೇಳರ ಹುಡುಗನ ಕಷ್ಟ ಎಷ್ಟಿರಬಹುದು ಎಂದು ಹಿರಿಯರಾದ ನಾವು ಲೆಕ್ಕ ಹಾಕಬೇಕು.

ಈಗ ಮಗ್ರಿಬ್‌ನಿಂದ ಇಶಾದ ತನಕ ಮದ್ರಸದ ಕೋಣೆಯನ್ನು ಓದುವ ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇವೆ. ಹೆಣ್ಣುಮಕ್ಕಳಿಗೆ ಸುಬಹಿಯ ಬಳಿಕ. ಬಂದ ಕೂಡಲೇ ಐದು ನಿಮಿಷ ಗುಂಪಿನ ಸೂಚನೆಗಳನ್ನೆಲ್ಲ ನೋಡಿ, ಬೇಕಾದ್ದನ್ನು ಕಾಗದದಲ್ಲಿ ಬರೆದುಕೊಂಡು, ಮೊಬೈಲನ್ನು ಚಪ್ಪಲಿ ಕಪಾಟಿನ ಮೇಲಿನ ಬುಟ್ಟಿಗೆ ಹಾಕಬೇಕು. ಬುಟ್ಟಿಗೆ ಬೀಗವಿಲ್ಲ. ಕೊನೆಗೆ ಮತ್ತೆ ಐದು ನಿಮಿಷ. ಬಾಗಿಲ ಬಳಿ ಒಂದು ನೋಟ್‌ಬುಕ್ ಇಟ್ಟಿದ್ದೇವೆ. ಹೋಗುವಾಗ ಪ್ರತಿಯೊಬ್ಬನೂ ಹೆಸರಿನ ಮುಂದೆ ‘ಕೇಳಿದೆ’ ಅಥವಾ ‘ಹಾಜರಿದ್ದೆ’ ಎಂದು ತಾನೇ ಬರೆಯಬೇಕು. ನಾವು ಪ್ರಶ್ನಿಸುವುದಿಲ್ಲ. ಮೊದಲ ವಾರ ಎಲ್ಲರೂ ‘ಕೇಳಿದೆ’ ಎಂದೇ ಬರೆದರು. ಮಸೀದಿ ಸಮಿತಿಯ ಸಭೆಯಲ್ಲಿ ಲೆಕ್ಕಪತ್ರ ಓದುತ್ತಿದ್ದಾಗ ನಾವು ಮೇಜಿನಡಿ ಮೊಬೈಲ್ ನೋಡುತ್ತಿದ್ದೆವು. ಎರಡನೇ ವಾರ ನಮ್ಮ ಹೆಸರನ್ನೂ ಬರೆದು ಮುಂದೆ ‘ಹಾಜರಿದ್ದೆ’ ಎಂದು ಹಾಕಿದೆವು. ಮಕ್ಕಳು ನಕ್ಕರು.

ಮೂರನೇ ವಾರದಿಂದ ಆ ಪಿಯುಸಿ ಹುಡುಗನೂ ಬರುತ್ತಿದ್ದಾನೆ. ಗುರುವಾರಗಳಂದು ಅವರಿಗೆ ಇಬ್ನುಸ್ಸಲಾಹ್‌ರ ಕಿತಾಬಿನಿಂದ ಸ್ವಲ್ಪ ಓದಿ ಅರ್ಥ ಹೇಳುತ್ತೇವೆ. ಕಳೆದ ಗುರುವಾರ ಅವನು ನೋಟ್‌ಬುಕ್ಕಿನಲ್ಲಿ ಹೀಗೆ ಬರೆದಿದ್ದ: ‘ಮೂರನೇ ಪುಟದ ತನಕ ಕೇಳಿದೆ. ಆಮೇಲೆ ಹಾಜರಿದ್ದೆ.’ ಈ ಗುರುವಾರ ನಾಲ್ಕನೇ ಪುಟದಿಂದ ಮತ್ತೆ ಓದಿದೆವು.